ಪಿಶಾಚಿಯ ಪತ್ರಗಳನ್ನು ಓದಿ ಸುರಕ್ಷಿತವಾಗಿ ಹೊರಬರುವ ಬಗೆ

ಪುಸ್ತಕ ಕೊಳ್ಳುವಾಗಲೇ ಒಂದು ಪೆನ್ಸಿಲನ್ನೂ ಕೊಳ್ಳಿ. ಪುಸ್ತಕ ಸಿ. ಎಸ್. ಲೂಯಿಸ್ ಬರೆದ ‘ದಿ ಸ್ಕ್ರೂಟೇಪ್ ಲೆಟರ್ಸ್’. ತೆಳ್ಳಗಿದೆ, ನಮ್ಮ ದಿಂಡಿಗಲ್ ಕಡೆಯ ಕೋಡೈ ರೋಡ್ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಲೇ ಅರ್ಧ ಮುಗಿಸಬಹುದು. ಸ್ಕ್ರೂಟೇಪ್ ಎಂಬ ಪಳಗಿದ ಪಿಶಾಚಿ, ಕೆಲಸಕ್ಕೆ ಹೊಸದಾಗಿ ಸೇರಿದ ತನ್ನ ಸೋದರಳಿಯ ವರ್ಮ್‌ವುಡ್‌ಗೆ 31 ಪತ್ರ ಬರೆಯುತ್ತಾನೆ. ಒಬ್ಬ ಸಾಧಾರಣ ಇಂಗ್ಲಿಷ್ ಯುವಕನನ್ನು ನಿಧಾನವಾಗಿ ನರಕದ ದಾರಿಗೆ ಹಚ್ಚುವುದು ಹೇಗೆಂದು ಮಾವ ಅಳಿಯನಿಗೆ ಹೇಳಿಕೊಡುವ ಪಾಠ ಅದು. ಆ ಯುವಕನಿಗೆ ಹೆಸರಿಲ್ಲ. ಪತ್ರಗಳಲ್ಲಿ ಅವನು ಬರೀ ‘ರೋಗಿ’.

ಅಪಾಯ ಇರುವುದೇ ಇಲ್ಲಿ. ಹೆಸರಿಲ್ಲದ ಮನುಷ್ಯನ ಜಾಗದಲ್ಲಿ ಯಾರು ಬೇಕಾದರೂ ಕೂರಬಹುದು, ಎಚ್ಚರ ತಪ್ಪಿದರೆ ನೀವೇ ಕೂತುಬಿಡುತ್ತೀರಿ. ಆದ್ದರಿಂದ ಮೊದಲ ಪುಟ ತೆರೆಯುವ ಮುನ್ನವೇ ಆ ಕುರ್ಚಿಗೆ ಬೇರೆ ಯಾರನ್ನಾದರೂ ಗೊತ್ತುಮಾಡಿಕೊಳ್ಳಿ. ಭಾವಮೈದುನ ಒಳ್ಳೆಯ ಆಯ್ಕೆ. ಜಮೀನಿನ ಬದುವಿನ ತಕರಾರು ಇರುವ ಪಕ್ಕದ ತೋಟದವನಾದರೆ ಇನ್ನೂ ಉತ್ತಮ.

ಇದೇನು ಹೊಸ ವಿದ್ಯೆಯಲ್ಲ. ಜಾನ್ ಬನ್ಯನ್ 1678ರಲ್ಲಿ ಪ್ರಕಟಿಸಿದ ಯಾತ್ರೆಯ ಕತೆಯನ್ನು ಮಿಷನರಿಗಳು 1847ರಲ್ಲಿ ‘ಯಾತ್ರಿಕನ ಸಂಚಾರ’ ಎಂದು ಕನ್ನಡಕ್ಕೆ ತಂದರಲ್ಲ, ಆಗಿನಿಂದಲೂ ನಮ್ಮವರಿಗೆ ಇದು ಗೊತ್ತು. ಬನ್ಯನ್ ಪುಣ್ಯಾತ್ಮ, ಪಾತ್ರಗಳ ಹೆಸರಲ್ಲೇ ಅವರವರ ಗುಣ ಇಟ್ಟಿದ್ದ. ಒಬ್ಬ ಹಟಮಾರಿ, ಒಬ್ಬ ಬಾಯಿಬಡುಕ, ಇನ್ನೊಬ್ಬ ಲೋಕಜ್ಞಾನದ ದೊಡ್ಡಮನುಷ್ಯ. ಓದುಗ ಊರಿನವರನ್ನು ಒಬ್ಬೊಬ್ಬರನ್ನಾಗಿ ಒಳಗೆ ಕಳಿಸಿದರೆ ಮುಗಿಯಿತು. ಯಾತ್ರಿಕರು ಏನನ್ನೂ ಕೊಳ್ಳದೆ ಏಟು ತಿನ್ನುವ ಆ ಮಾಯೆಯ ಸಂತೆ ಬಂದಾಗ ವತ್ತಲಗುಂಡಿನ ಸಂತೆಯನ್ನು ನೆನೆಯಿರಿ. ನಿಲಕ್ಕೋಟ್ಟೈಯ ಸಂತೆಯನ್ನು ಮಾತ್ರ ನೆನೆಯಬೇಡಿ, ಅಲ್ಲಿ ನೀವು ವ್ಯಾಪಾರ ಮಾಡುತ್ತೀರಿ. ಲೂಯಿಸ್ ಅಷ್ಟು ಉಪಕಾರಿಯಲ್ಲ, ಹೆಸರಿಡುವ ಕೆಲಸವನ್ನು ನಮಗೇ ಬಿಟ್ಟಿದ್ದಾನೆ. ಪೆನ್ಸಿಲ್ ಬೇಕಾದದ್ದು ಅದಕ್ಕೇ.

ಒಬ್ಬ ಓದುಗ ಮಾಡಿದ ತಪ್ಪನ್ನು ಮೊದಲೇ ತಿಳಿದುಕೊಳ್ಳಿ. ಈ ಪತ್ರಗಳು 1941ರ ಮೇ ತಿಂಗಳಿಂದ ನವೆಂಬರ್‌ವರೆಗೆ ವಾರವಾರ ‘ದಿ ಗಾರ್ಡಿಯನ್’ ಎಂಬ ಇಂಗ್ಲೆಂಡಿನ ಚರ್ಚ್ ಪತ್ರಿಕೆಯಲ್ಲಿ ಬಂದವು. ಹಳ್ಳಿಯ ಪಾದ್ರಿಯೊಬ್ಬರು ಓದಿ, ಇದರಲ್ಲಿನ ಬುದ್ಧಿಮಾತು ತಪ್ಪು ಮಾತ್ರವಲ್ಲ, ಸಾಕ್ಷಾತ್ ಪೈಶಾಚಿಕ ಎಂದು ಸಂಪಾದಕರಿಗೆ ಬರೆದು ಚಂದಾ ನಿಲ್ಲಿಸಿಬಿಟ್ಟರು. ಜಗತ್ತೆಲ್ಲ ಅವರನ್ನು ನೋಡಿ ನಕ್ಕಿದೆ. ನೀವು ನಗಬೇಡಿ, ಅವರು ಎಡವಿದ್ದು ಎಲ್ಲಿ ಎಂದು ನೋಡಿ. ಆ ಸಲಹೆಯನ್ನು ಅವರು ತಮಗೇ ಹೇಳಿದ್ದೆಂದುಕೊಂಡರು. ಅಷ್ಟು ಹತ್ತಿರ ಹೋಗಿ ಓದಬಾರದು.

ಈಗ ಎರಡನೆಯ ಪತ್ರಕ್ಕೆ ಬನ್ನಿ. ರೋಗಿ ಚರ್ಚಿಗೆ ಹೋಗತೊಡಗಿದ್ದಾನೆ. ಗಾಬರಿ ಬೇಡ, ಅಕ್ಕಪಕ್ಕದವರ ಕಡೆ ಅವನ ಗಮನ ಹರಿಸು ಎನ್ನುತ್ತಾನೆ ಮಾವ. ಬೂಟು ಕಿರುಗುಟ್ಟುವವನು, ಅಪಸ್ವರದಲ್ಲಿ ಹಾಡುವವನು, ಇಮ್ಮಡಿ ಗಲ್ಲದವನು ಕಣ್ಣಿಗೆ ಬಿದ್ದರೆ ಸಾಕು, ಭಕ್ತಿ ತಾನೇ ಇಳಿಯುತ್ತದೆ. ಇದನ್ನು ಭಾನುವಾರವೇ ಪ್ರಯೋಗಿಸಿ. ಮುಂದಿನ ಸಾಲಿನಲ್ಲಿ ಹೂವಿನ ವ್ಯಾಪಾರಿ ಕೂತಿರುತ್ತಾನೆ. ಅವನು ಕಣ್ಣುಮುಚ್ಚಿ ಪ್ರಾರ್ಥಿಸುವಾಗ ಅವನ ಮಲ್ಲಿಗೆ ಮೂಟೆಯನ್ನು ನೆನೆಯಿರಿ. ನಸುಕಿನಲ್ಲೇ ಕಿತ್ತ ಮೊಗ್ಗು ಅರಳುವ ಮುನ್ನ ಮಾರುಕಟ್ಟೆ ಮುಟ್ಟಬೇಕು, ದಾರಿಯಲ್ಲಿ ಬಾಡಬಾರದು. ಅದಕ್ಕೆ ನೀರು ಚಿಮುಕಿಸುತ್ತಾರೆ. ಬಾಡದಿರಲೆಂದು ಚಿಮುಕಿಸುವ ನೀರಿಗೂ ತೂಕ ಏರಲೆಂದು ಚಿಮುಕಿಸುವ ನೀರಿಗೂ ಬಣ್ಣ ಒಂದೇ, ಒದ್ದೆ ಒಂದೇ. ನೀವು ಚಿಮುಕಿಸಿದಾಗ ಅದು ಮೊದಲನೆಯದು ಎಂದು ತಿಳಿಯಿರಿ. ಅವನು ಚಿಮುಕಿಸಿದಾಗ ಎರಡನೆಯದು. ನರಕಕ್ಕೆ ಹೋಗಲು ಕೊಲೆಯೇ ಬೇಕಿಲ್ಲ, ಇಸ್ಪೀಟಾಟವೂ ಸಾಕು, ಇಳಿಜಾರು ನುಣುಪಾಗಿದ್ದರಾಯಿತು ಎಂಬ ಮಾತು ಹನ್ನೆರಡನೆಯ ಪತ್ರದಲ್ಲಿ ಬರುತ್ತದೆ. ಅದರ ಅಂಚಿನಲ್ಲಿ ಅವನ ಹೆಸರು ಬರೆದು ಪುಟ ತಿರುಗಿಸಿ. ಅಂಗೈಯ ತೇವ ಒರೆಸಿಕೊಂಡು ಬರೆಯಿರಿ, ಇಲ್ಲದಿದ್ದರೆ ಕಾಗದ ಹರಿಯುತ್ತದೆ.

ಮೂರನೆಯ ಪತ್ರ ತುಂಬ ಉಪಯುಕ್ತ. ತಾಯಿಯ ಸಂಧಿವಾತಕ್ಕಾಗಿ ಪ್ರಾರ್ಥಿಸಲು ಬಿಡಬೇಡ, ಅವಳ ಆತ್ಮಕ್ಕಾಗಿ ಪ್ರಾರ್ಥಿಸುವಂತೆ ಮಾಡು ಎನ್ನುತ್ತಾನೆ ಮಾವ. ಆತ್ಮಕ್ಕಾಗಿ ಪ್ರಾರ್ಥಿಸುವವನು ಎಣ್ಣೆ ತಿಕ್ಕಬೇಕಾಗಿಲ್ಲ, ಮಂಡಿಗೆ ಪ್ರಾರ್ಥಿಸುವವನು ಎದ್ದು ಬಿಸಿನೀರು ಕಾಯಿಸಬೇಕಾಗುತ್ತದೆ. ನೀವೂ ಆತ್ಮವನ್ನೇ ಹಿಡಿಯಿರಿ, ಗ್ಯಾಸೂ ಉಳಿಯುತ್ತದೆ.

ಹದಿನೇಳನೆಯದರಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಹೊಟ್ಟೆಬಾಕತನವೆಂದರೆ ಹೆಚ್ಚು ತಿನ್ನುವುದು ಎಂದೇ ನಾವೆಲ್ಲ ನಂಬಿದ್ದೇವೆ. ಇಲ್ಲಿ ರೋಗಿಯ ತಾಯಿ ತಿನ್ನುವುದು ತೀರಾ ಕಡಿಮೆ. ಮುಂದಿಟ್ಟ ತಟ್ಟೆಯನ್ನು ನಿಟ್ಟುಸಿರಿನೊಂದಿಗೆ ಸರಿಸಿ, ತನಗೆ ಬೇಕಾದದ್ದು ಒಂದಿಷ್ಟು ಚಹಾ, ಒಂದು ಸಣ್ಣ ರೊಟ್ಟಿ ಚೂರು ಅಷ್ಟೇ ಎನ್ನುತ್ತಾಳೆ. ಆದರೆ ಚಹಾ ಇಷ್ಟೇ ತೆಳುವಿರಬೇಕು, ರೊಟ್ಟಿ ಇಷ್ಟೇ ಗರಿಯಾಗಿರಬೇಕು. ಊಟಕ್ಕೆ ಕರೆದವರೂ ಅಡುಗೆಯವರೂ ಅವಳೆದುರು ನಡುಗುತ್ತಾರೆ. ಇದನ್ನು ಓದಿದ ಸೊಸೆಯಂದಿರಿಗೆ ಅತ್ತೆ ತಟ್ಟನೆ ನೆನಪಾಗುತ್ತಾರೆ. ತಪ್ಪಿಲ್ಲ, ಗುರುತು ಹಾಕಿಕೊಳ್ಳಿ. ಅತ್ತೆಯಾಗಿ ಓದುವವರು ಸೊಸೆಯ ಡಯೆಟ್ಟನ್ನು ನೆನೆದು ಗುರುತು ಹಾಕಿಕೊಳ್ಳಿ. ಗಂಡಸರು ‘ಇದು ಹೆಂಗಸರ ಅಧ್ಯಾಯ’ ಎಂದು ದಾಟಿ ಹೋಗಬಹುದು. ದಾಟುವಾಗಲೇ ಅಡುಗೆಮನೆ ಕಡೆ ತಿರುಗಿ ಕೂಗಿ: “ಏನಮ್ಮಾ, ಅರ್ಧ ಲೋಟ ಸಾಕು. ಹಾಲು ಜಾಸ್ತಿ ಬೇಡ, ಕಡಿಮೆಯೂ ಬೇಡ. ಸಕ್ಕರೆ ಕಾಲು ಚಮಚ, ಕಲಕಬೇಡ. ನನಗೇನು, ಕೊಟ್ಟದ್ದು ಕುಡಿಯುವವನು.”

ಹದಿನಾಲ್ಕನೆಯದು ವಿನಯದ ಬಗ್ಗೆ. ರೋಗಿಗೆ ವಿನಯ ಬಂದಿದೆಯೇ, ತನಗೆ ಎಷ್ಟು ವಿನಯ ಬಂದಿದೆ ಎಂಬುದನ್ನು ಅವನಿಗೆ ತೋರಿಸು, ಅಷ್ಟಕ್ಕೆ ಗರ್ವ ಒಳಗೆ ಬರುತ್ತದೆ ಎಂಬುದು ಪಾಠ. ಓದಿ ಮುಗಿಸಿ, ‘ನನಗಂತೂ ಈ ಬಲೆ ಗೊತ್ತಾಗಿಹೋಯಿತು’ ಎಂದು ಸಮಾಧಾನಪಟ್ಟುಕೊಳ್ಳಿ.

ಮುನ್ನುಡಿಯ ಕಡೆ ಹೋಗಲೇಬೇಡಿ. 1961ರ ಹೊಸ ಆವೃತ್ತಿಗೆ ಲೂಯಿಸ್ ಬರೆದ ಮುನ್ನುಡಿ ವಿಶೇಷವಾಗಿ ಹಾನಿಕರ. ಇಷ್ಟೊಂದು ಸೂಕ್ಷ್ಮ ತಿಳಿಯಲು ವರ್ಷಗಟ್ಟಲೆ ನೀತಿಶಾಸ್ತ್ರ ಓದಿರಬೇಕೆಂದು ಓದುಗರು ಅವನನ್ನು ಹೊಗಳಿದ್ದರಂತೆ. ಅವನೋ, ಅಷ್ಟು ದೂರ ಹೋಗಬೇಕಾಗಿರಲಿಲ್ಲ, ತನ್ನ ಎದೆಯೊಳಗೇ ಎಲ್ಲ ಸಿಕ್ಕಿತು ಎನ್ನುವ ಅರ್ಥದಲ್ಲಿ ಬರೆಯುತ್ತಾನೆ. ಇಂಥ ಅಭ್ಯಾಸ ಅಂಟಿಕೊಂಡರೆ ಪೆನ್ಸಿಲಿಗೆ ಕೆಲಸವಿರುವುದಿಲ್ಲ.

ಅದರ ಬದಲು ಲೇಖಕನ ವಿವರಗಳನ್ನು ಕಲಿಯಿರಿ, ನಾಲ್ಕು ಜನರ ನಡುವೆ ಮಾತಾಡಲು ಬೇಕಾಗುತ್ತದೆ. ಪುಸ್ತಕದ ಯೋಚನೆ ಹುಟ್ಟಿದ್ದು 1940ರ ಜುಲೈ ತಿಂಗಳ ಒಂದು ಭಾನುವಾರ, ಆಕ್ಸ್‌ಫರ್ಡಿನ ಹೆಡಿಂಗ್ಟನ್‌ನ ಚರ್ಚಿನಲ್ಲಿ. ಎರಡು ದಿನ ಮೊದಲಷ್ಟೇ ರೇಡಿಯೋದಲ್ಲಿ ಹಿಟ್ಲರನ ಭಾಷಣ ಕೇಳಿದ್ದ. ಪುಸ್ತಕವಾಗಿ ಬಂದದ್ದು 1942ರಲ್ಲಿ, ಅರ್ಪಣೆ ಗೆಳೆಯ ಟೋಲ್ಕಿನ್‌ಗೆ. 1947ರ ಸೆಪ್ಟೆಂಬರಿನಲ್ಲಿ ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಲೂಯಿಸನ ಹೆಗಲ ಪಕ್ಕ ಒಂದು ಪುಟ್ಟ ಪಿಶಾಚಿಯೂ ಇತ್ತು. ಪತ್ರವೊಂದಕ್ಕೆ ಸಿಕ್ಕ ಎರಡೆರಡು ಪೌಂಡನ್ನು ಅವನು ಪಾದ್ರಿಗಳ ವಿಧವೆಯರ ನಿಧಿಗೆ ಕಳಿಸಿಬಿಟ್ಟ. ಈ ಕೊನೆಯ ವಿಷಯವನ್ನು ಚಂದಾ ಎತ್ತಲು ಬಂದವರ ಮುಂದೆ ಮಾತ್ರ ಹೇಳಬೇಡಿ. ಇಷ್ಟು ಬಾಯಿಪಾಠವಾದರೆ ಪುಸ್ತಕ ಅರ್ಧಕ್ಕೇ ನಿಲ್ಲಿಸಿದ್ದರೂ ಯಾರಿಗೂ ತಿಳಿಯುವುದಿಲ್ಲ. ಮೊದಲ ಪತ್ರದಲ್ಲೇ ನಿಮಗೊಂದು ಅನುಕೂಲವಿದೆ. ಒಬ್ಬ ನಾಸ್ತಿಕ ಗ್ರಂಥಾಲಯದಲ್ಲಿ ಕೂತು ಗಂಭೀರ ಯೋಚನೆಗೆ ಇಳಿಯುವಷ್ಟರಲ್ಲಿ, ಊಟದ ಹೊತ್ತಾಯಿತಲ್ಲ ಎಂದು ಸ್ಕ್ರೂಟೇಪ್ ಅವನ ಕಿವಿಯಲ್ಲಿ ಹೇಳುತ್ತಾನೆ. ನಿಮಗೂ ಯೋಚನೆ ಬಂದರೆ ಎದ್ದು ಕೈತೊಳೆಯಿರಿ.

ಮನೆಯವರಿಗೆ ಕತೆ ಹೇಳಿ. ದಿಂಡಿಗಲ್, ತೇನಿ ಸೀಮೆಯ ನಮ್ಮ ಜನಕ್ಕೆ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಶಾಲೆಯಲ್ಲಿ ಕಲಿತ ಅಕ್ಷರವೂ ತಮಿಳು. ಅಜ್ಜಿಗೆ ಇಂಗ್ಲಿಷ್ ಪುಸ್ತಕ ಕೊಟ್ಟು ಪ್ರಯೋಜನವಿಲ್ಲ, ಪಕ್ಕದಲ್ಲಿ ಕೂತು ಮನೆಮಾತಿನಲ್ಲೇ ಹೇಳಿ. ಅಜ್ಜಿಯ ಗ್ರಹಿಕೆ ಚುರುಕು. ಕತೆ ಮೂರು ಮಾತು ಮುಂದೆ ಹೋಗುವಷ್ಟರಲ್ಲಿ ರೋಗಿ ಯಾರೆಂದು ಕಂಡುಹಿಡಿದು, ಹೆಸರು ಹೇಳಿ, ಅವನ ಅಪ್ಪನೂ ಹಾಗೇ ಇದ್ದ ಎಂದು ಸೇರಿಸುತ್ತಾರೆ.

ಕೊನೆಯ ಪತ್ರವನ್ನು ಅವರಿಗೆ ಹೇಳಬೇಡಿ. ಬಾಂಬ್ ದಾಳಿಯಲ್ಲಿ ಸತ್ತ ರೋಗಿ ಕೈತಪ್ಪಿ ಸ್ವರ್ಗಕ್ಕೆ ಹೋಗುತ್ತಾನೆ, ಸೋತ ಅಳಿಯನನ್ನು ತಿನ್ನಲು ಮಾವ ಹಲ್ಲು ಮಸೆಯುತ್ತಾನೆ. ಅಷ್ಟು ದಿನ ಭಾವಮೈದುನನ ಹೆಸರು ಬರೆದು ಬರೆದು ಕಡೆಗೆ ಸ್ವರ್ಗ ಸಿಕ್ಕಿದ್ದು ಅವನಿಗೇ ಎಂದಾದರೆ ಮನೆಯಲ್ಲಿ ಉತ್ತರ ಕೊಡುವುದು ಕಷ್ಟ.

ಓದಿದ ಮೇಲೆ ಪುಸ್ತಕ ಇಟ್ಟುಕೊಳ್ಳಬೇಡಿ. ಯಾರಿಗೆ ಅಗತ್ಯವಿದೆಯೋ ಅವರಿಗೆ ಎರವಲು ಕೊಡಿ. ಅಂಚಿನ ಹೆಸರುಗಳನ್ನು ಅಳಿಸಿ, ಗೀಟುಗಳನ್ನು ಉಳಿಸಿ. “ಸುಮ್ಮನೆ ಓದಿ ನೋಡಿ ಭಾವ, ಚೆನ್ನಾಗಿದೆ” ಎಂದಷ್ಟೇ ಹೇಳಿ ಕೊಡಿ. ಪುಸ್ತಕ ವಾಪಸು ಬಂದಾಗ ಒಮ್ಮೆ ತಿರುವಿ ಹಾಕಿ. ನೀವು ಗೀಟೆಳೆದ ಸಾಲುಗಳ ಪಕ್ಕ ಏನೂ ಇರುವುದಿಲ್ಲ. ಹದಿನೇಳನೆಯ ಪತ್ರದಲ್ಲಿ, ನೀವು ದಾಟಿ ಹೋದ ಕಡೆ, ನೀಲಿ ಬಾಲ್‌ಪೆನ್ನಿನಲ್ಲಿ ಎರಡು ಗೀಟು ಇದ್ದರೆ ರಬ್ಬರ್ ಹುಡುಕಬೇಡಿ, ಶಾಯಿ ಹೋಗುವುದಿಲ್ಲ. ಬೈಂಡಿಂಗ್ ಸಡಿಲ ಎಂದು ಹೇಳಿ ಆ ಹಾಳೆಗಳನ್ನು ಕಿತ್ತುಬಿಡಿ. ಇನ್ನೂ 30 ಪತ್ರ ಉಳಿಯುತ್ತವೆ, ಮುಂದಿನವರಿಗೆ ಕೊಡಲು ಅಷ್ಟು ಸಾಕು.