ಎಂಟನೇ ನಂಬರಿನ ಬೂಟಿನ ಹೇಳಿಕೆ

ಸೇಫ್ಟಿ ಬೂಟು ಎಂದರೆ ಕಾಲ್ಬೆರಳುಗಳ ಮೇಲೆ ಗಟ್ಟಿ ಕವಚವಿರುವ ಪಾದರಕ್ಷೆ. ಭಾರತದಲ್ಲಿ ಅದರ ಜಾತಕ ಬರೆದಿಟ್ಟಿರುವುದು ಐಎಸ್ 15298 ಎಂಬ ಮಾನಕ. ಅದಕ್ಕೆ ನಾಲ್ಕು ಭಾಗ. ಮೊದಲನೆಯದು ಪರೀಕ್ಷೆಯ ಕ್ರಮ ಹೇಳುತ್ತದೆ. ಉಳಿದವು ಮೂರು ಬಗೆಯ ಪಾದರಕ್ಷೆಗಳಿಗೆ ಮೀಸಲು. ಎರಡನೇ ಭಾಗದ ಬೂಟಿನ ಕವಚ 200 ಜೂಲ್ ಪೆಟ್ಟು ತಾಳಬೇಕು, ಮೂರನೆಯದು 100 ಜೂಲ್ ತಾಳಿದರೆ ಸಾಕು, ನಾಲ್ಕನೆಯದಕ್ಕೆ ಕವಚವೇ ಬೇಕಿಲ್ಲ. ಅಂಗಡಿಯಲ್ಲಿ ಮೂರಕ್ಕೂ ‘ಸೇಫ್ಟಿ ಶೂ’ ಎಂದೇ ಹೆಸರು. ವ್ಯತ್ಯಾಸ ಗೊತ್ತಾಗುವುದು ಕಾಲ ಮೇಲೆ ಕಂಬಿ ಬಿದ್ದಾಗ.

ಸಂದರ್ಶನಕ್ಕೆ ಸಿಕ್ಕ ಬೂಟಿನ ವಾಸ ಬೆಂಗಳೂರಿನ ಹೊರವಲಯದಲ್ಲಿ ಏಳುತ್ತಿರುವ ಒಂದು ಅಪಾರ್ಟ್‌ಮೆಂಟಿನ ಸ್ಟೋರ್‌ರೂಮಿನಲ್ಲಿ. ನಂಬರು ಎಂಟು, ಬಣ್ಣ ಕಪ್ಪು, ಮೈ ಎಮ್ಮೆಯ ಚರ್ಮ, ಅಟ್ಟೆ ಪಾಲಿಯುರಿಥೇನ್. ಪಕ್ಕದ ಮೊಳೆಗೆ ನೇತುಹಾಕಿದ ಬಳ್ಳಾರಿಯ ಜೀನ್ಸ್ ಪ್ಯಾಂಟೂ ಕೊನೆಗೆ ಬಾಯಿ ಹಾಕಿದೆ. ಮಾನಕದ ಭಾಷೆಯಲ್ಲೇ ಬೆಳೆದ ಬೂಟಿಗೆ ‘ನಾನು’ ಎನ್ನುವ ರೂಢಿಯಿಲ್ಲ. ತನ್ನ ಬಗ್ಗೆಯೂ ‘ಬೂಟು ಹೀಗಿರತಕ್ಕದ್ದು’ ಎಂದೇ ಮಾತಾಡುತ್ತದೆ.

ಪ್ರಶ್ನೆ: ಬೂಟನ್ನು ಆರಿಸುವವರು ಯಾರು?

ಬೂಟು: ಅದನ್ನು ಎಂದೂ ಹಾಕಿಕೊಳ್ಳದವರು. ಖರೀದಿ ವಿಭಾಗ ಮೂರು ಕೊಟೇಶನ್ ತರಿಸುತ್ತದೆ, ಕಡಿಮೆ ದರದ್ದಕ್ಕೆ ಸಹಿ ಹಾಕುತ್ತದೆ. ಯಾವ ನಂಬರು ಎಷ್ಟು ಜೊತೆ ಎಂದು ಕೇಳಿದರೆ ‘ಎಲ್ಲಾ ಎಂಟು, ಒಂಬತ್ತು ಹಾಕ್ಬಿಡಿ’ ಎನ್ನುತ್ತದೆ. ಯಾದಗಿರಿಯಿಂದ, ರಾಯಚೂರಿನಿಂದ, ಒಡಿಶಾದಿಂದ ಬಂದವರ ಕಾಲುಗಳು ಕೊಟೇಶನ್ ಓದಿಕೊಂಡು ಬೆಳೆದಿರುವುದಿಲ್ಲ. ಆರನೇ ನಂಬರಿನ ಕಾಲು ಎಂಟರೊಳಗೆ ಬಟ್ಟೆ ತುರುಕಿಕೊಂಡು ನಡೆಯುತ್ತದೆ. ಹತ್ತನೇ ನಂಬರಿನದು ಬೂಟಿನ ಹಿಂಭಾಗವನ್ನು ತುಳಿದು ಚಪ್ಪಲಿ ಮಾಡಿಕೊಳ್ಳುತ್ತದೆ. ಎರಡೂ ಕಾಲು ಅದೇ ಏಣಿ ಹತ್ತಬೇಕು.

ಪ್ರಶ್ನೆ: ಸರಿಯಾದ ಅಳತೆ ನೋಡುವುದು ಹೇಗೆ?

ಬೂಟು: ಸಂಜೆ ನೋಡಬೇಕು. ದಿನವಿಡೀ ನಿಂತ ಪಾದ ಸಂಜೆಗೆ ಊದಿರುತ್ತದೆ. ಬೆಳಿಗ್ಗೆ ಹಿತವೆನಿಸಿದ ಬೂಟು ಊಟದ ಹೊತ್ತಿಗೆ ಕಚ್ಚಲು ಶುರುಮಾಡುತ್ತದೆ. ಕೆಲಸಕ್ಕೆ ಹಾಕುವ ಕಾಲುಚೀಲವನ್ನೇ ತೊಟ್ಟು ಎರಡೂ ಕಾಲಿಗೆ ಹಾಕಿ ನೋಡಬೇಕು. ಎರಡು ಪಾದ ಸಮ ಇರುವುದು ಅಪರೂಪ, ದೊಡ್ಡ ಪಾದ ಹೇಳಿದ್ದೇ ನಂಬರು. ಅತಿ ಉದ್ದದ ಬೆರಳಿನ ಮುಂದೆ ಒಂದು ಸೆಂಟಿಮೀಟರಾದರೂ ಜಾಗ ಬೇಕು. ‘ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ’ ಎಂಬ ಅಂಗಡಿಯವನ ಮಾತು ಚರ್ಮಕ್ಕೆ ಅರ್ಧ ನಿಜ, ಉಕ್ಕಿಗೆ ಪೂರ್ತಿ ಸುಳ್ಳು. ಕವಚ ಕೂದಲೆಳೆಯಷ್ಟೂ ಹಿಗ್ಗುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಹಾಸಿಗೆ ಮಾರುವವರಿಗೆ ಮಾತ್ರ.

ಉದ್ದಕ್ಕಿಂತ ಅಗಲದ್ದೇ ದೊಡ್ಡ ರಗಳೆ. ಬರಿಗಾಲಲ್ಲೋ ಹವಾಯಿ ಚಪ್ಪಲಿಯಲ್ಲೋ ಬೆಳೆದ ಪಾದದ ಮುಂಭಾಗ ಹರಡಿಕೊಂಡಿರುತ್ತದೆ. ಅದು ಪಾದದ ದೋಷವಲ್ಲ. ನಮ್ಮ ಕರಾವಳಿಯ ಕಸ್ತೂರಬಾ ವೈದ್ಯಕೀಯ ಕಾಲೇಜಿನ ವೈದ್ಯರು 2300 ಮಕ್ಕಳ ಪಾದ ಪರೀಕ್ಷಿಸಿ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಾದರಕ್ಷೆ ಹಾಕುವ ಮಕ್ಕಳ ಪೈಕಿ ಶೇ 8.6ರಷ್ಟು ಮಂದಿಗೆ ಚಪ್ಪಟೆ ಪಾದವಿತ್ತು. ಹಾಕದವರಲ್ಲಿ ಶೇ 2.8. ಅದರಲ್ಲೂ ಮುಂಭಾಗ ಮುಚ್ಚಿದ ಶೂಗಳದ್ದೇ ಹೆಚ್ಚಿನ ಪಾಪ. ಬೂಟಿನ ಕುಲಕ್ಕೆ ಇದು ಮುಜುಗರದ ದಾಖಲೆ. ಆದ್ದರಿಂದ ಬೂಟು ಕಡೇಪಕ್ಷ ಅಗಲದ ಅಚ್ಚಿನಲ್ಲಿ ಮಾಡಿದ್ದಾಗಿರತಕ್ಕದ್ದು. ಕಿರುಬೆರಳು ಕವಚಕ್ಕೆ ತಾಗಿದರೆ ಆ ಜೊತೆಯನ್ನು ಅಲ್ಲೇ ಬಿಡಬೇಕು.

ಇನ್ನು, ಅಂಗಡಿಯಲ್ಲಿ ಯಾರೂ ಮಾಡದ ಪರೀಕ್ಷೆ ಒಂದಿದೆ: ಕುಕ್ಕರಗಾಲಲ್ಲಿ ಕೂರುವುದು. ಟೈಲ್ಸ್ ಹಾಕುವವರು, ಕಂಬಿ ಕಟ್ಟುವವರು ಅರ್ಧ ದಿನ ಕೂರುವುದು ಹಾಗೆಯೇ. ಆಗ ಪಾದ ಬೆರಳುಗಳ ಬುಡದಲ್ಲಿ ಮಡಚುತ್ತದೆ. ಬೂಟೂ ಅಲ್ಲೇ ಮಡಚಿದರೆ ಸರಿ. ಅದಕ್ಕಿಂತ ಮುಂದೆ, ಕವಚದ ಹಿಂದಂಚಿನಲ್ಲಿ ಮಡಚಿದರೆ ಆ ಅಂಚು ಬೆರಳಿನ ಗೆಣ್ಣಿನ ಮೇಲೆ ಕೂರುತ್ತದೆ. ಅಂಗಡಿಯವನು ನಕ್ಕರೂ ಸರಿ, ಅಲ್ಲೇ ಐದು ನಿಮಿಷ ಕುಕ್ಕರಿಸಬೇಕು.

ಪ್ರಶ್ನೆ: ಉಕ್ಕಿನ ಕವಚವೇ ಮಡಚಿ ಬೆರಳು ಕತ್ತರಿಸುತ್ತದೆ ಎನ್ನುತ್ತಾರಲ್ಲ?

ಬೂಟು: ಆ ಮಾತು ಎಲ್ಲ ಸೈಟಿನಲ್ಲೂ ಇದೆ, ಬೆರಳು ಹೋದವನು ಮಾತ್ರ ಯಾವಾಗಲೂ ಪಕ್ಕದ ಸೈಟಿನವನು. ಪರೀಕ್ಷೆಯಲ್ಲಿ 20 ಕಿಲೋ ಉಕ್ಕನ್ನು ಸುಮಾರು ಒಂದು ಮೀಟರ್ ಮೇಲಿನಿಂದ ಕವಚದ ಮೇಲೆ ಬೀಳಿಸುತ್ತಾರೆ. ಎಂಟನೇ ನಂಬರಿನ ಬೂಟಾದರೆ ಆಮೇಲೂ ಒಳಗೆ 14 ಮಿಲಿಮೀಟರ್ ಎತ್ತರ ಉಳಿದಿರಬೇಕು. ಮತ್ತೊಂದು ಪರೀಕ್ಷೆಯಲ್ಲಿ 15 ಕಿಲೋನ್ಯೂಟನ್, ಅಂದರೆ ಒಂದೂವರೆ ಟನ್ನಿನಷ್ಟು ಭಾರ ಹೇರಿ ಒತ್ತುತ್ತಾರೆ. ಇಂಥ ಕವಚವನ್ನೇ ಮಡಚುವ ಭಾರ ಬಿದ್ದಾಗ ಹವಾಯಿ ಚಪ್ಪಲಿಯೊಳಗಿನ ಬೆರಳಿನ ಗತಿ ಏನು ಎಂಬುದನ್ನು ಕಥೆ ಹೇಳುವವರು ಹೇಳುವುದಿಲ್ಲ. ಫೈಬರ್ ಕವಚವೂ ಸಿಗುತ್ತದೆ. ಅದು ಹಗುರ, ಬಿಸಿಲಿಗೆ ಕಾಯುವುದಿಲ್ಲ, ಮೆಟಲ್ ಡಿಟೆಕ್ಟರಿನಲ್ಲಿ ಕೂಗುವುದಿಲ್ಲ. ಬೆಲೆ ಸ್ವಲ್ಪ ಕೂಗುತ್ತದೆ.

ಪ್ರಶ್ನೆ: ಮೈಮೇಲಿನ ಎಸ್1, ಎಸ್3 ಅಕ್ಷರಗಳ ಅರ್ಥ?

ಬೂಟು: ಎಸ್1 ಎಂದರೆ ಹಿಮ್ಮಡಿ ಮುಚ್ಚಿದೆ, ಹಿಮ್ಮಡಿಯ ಅಟ್ಟೆ ಪೆಟ್ಟು ಹೀರುತ್ತದೆ, ಸ್ಥಿರವಿದ್ಯುತ್ತನ್ನು ನೆಲಕ್ಕೆ ಹರಿಸುತ್ತದೆ. ಎಸ್2 ಎಂದರೆ ಇವೆಲ್ಲದರ ಜೊತೆಗೆ ನೀರು ಬೇಗ ಒಳಹೋಗುವುದಿಲ್ಲ. ಎಸ್3 ಎಂದರೆ ಅಟ್ಟೆಯೊಳಗೆ ಮೊಳೆ ತಡೆಯುವ ಪದರವೂ, ಕೆಳಗೆ ಹಿಡಿತದ ಕಚ್ಚುಗಳೂ ಇವೆ. ಆ ಪದರ 1100 ನ್ಯೂಟನ್ ಒತ್ತಡದ ಮೊಳೆಯನ್ನು ತಡೆಯಬೇಕು. ಅದು ಉಕ್ಕಿನ ತಗಡಾಗಿರಬಹುದು, ನೇಯ್ದ ಬಟ್ಟೆಯಾಗಿರಬಹುದು. ಬಟ್ಟೆಯದು ಮೆತ್ತಗೆ ಬಾಗುತ್ತದೆ, ತೆಳುವಾದ ಮೊಳೆಗೆ ತಗಡೇ ವಾಸಿ.

ಕಟ್ಟಡದ ಕೆಲಸಕ್ಕೆ ಎಸ್3 ಬೇಕು. ಸೆಂಟ್ರಿಂಗ್ ಬಿಚ್ಚಿದ ಹಲಗೆಗಳು ಮೊಳೆಯನ್ನು ಆಕಾಶಕ್ಕೆ ಮುಖ ಮಾಡಿಕೊಂಡು ಬಿದ್ದಿರುವ ಜಾಗ ಅದು. ಕೊಟೇಶನ್ನಿನಲ್ಲಿ ಬರುವುದು ಎಸ್1, ಏಕೆಂದರೆ ಅದು ಅಗ್ಗ, ಮತ್ತು ಮೊಳೆ ಕೊಟೇಶನ್ ಕೊಡುವುದಿಲ್ಲ. ಎಲೆಕ್ಟ್ರಿಷಿಯನ್ನರಿಗೆ ಇನ್ನೊಂದು ಎಚ್ಚರಿಕೆ: ಸ್ಥಿರವಿದ್ಯುತ್ ಹರಿಸುವ ಬೂಟು ಕರೆಂಟ್ ಶಾಕ್ ತಡೆಯುವ ಬೂಟಲ್ಲ. ಕರೆಂಟು ಹರಿಯುವ ತಂತಿಯ ಹತ್ತಿರದ ಕೆಲಸಕ್ಕೆ ಬೇರೆಯದೇ ನಿರೋಧಕ ಬೂಟು ಬೇಕು. ಐಎಸ್ಐ ಗುರುತಿನ ಜೊತೆ ಮುದ್ರಿಸಿರುವ ಪರವಾನಗಿ ಸಂಖ್ಯೆಯನ್ನು ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪಿನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ. ಸ್ಟೋರ್‌ಕೀಪರನ ಫೋನಿನಲ್ಲಿ ಆ ಆ್ಯಪ್ ಇಲ್ಲ, ಕ್ರಿಕೆಟ್ಟಿನದು ಇದೆ.

ಪ್ರಶ್ನೆ: ಅಟ್ಟೆಯಲ್ಲಿ ಯಾವುದು ಮೇಲು?

ಬೂಟು: ಕೆಲಸದ ಮೇಲೆ ಹೋಗುತ್ತದೆ. ಪಾಲಿಯುರಿಥೇನ್ ಹಗುರ ಮತ್ತು ಮೆತ್ತಗೆ. ಎರಡು ಸಾಂದ್ರತೆಯದಾದರೆ, ಒಳಗಿನ ಮೃದು ಪದರ ಪಾದಕ್ಕೆ, ಹೊರಗಿನ ಗಟ್ಟಿ ಪದರ ನೆಲಕ್ಕೆ. ದಿನವಿಡೀ ಕಾಂಕ್ರೀಟಿನ ಮೇಲೆ ನಿಲ್ಲುವವರಿಗೆ ಇದೇ ಹಿತ. ಬಿಸಿಗೆ ಮಾತ್ರ ಆಗದು. ರಸ್ತೆಗೆ ಡಾಂಬರು ಹಾಕುವಾಗ ಮಿಶ್ರಣ 140 ಡಿಗ್ರಿ ದಾಟಿರುತ್ತದೆ. ಅಲ್ಲಿಗೆ 300 ಡಿಗ್ರಿಯ ಸ್ಪರ್ಶವನ್ನು ಸ್ವಲ್ಪ ಹೊತ್ತು ತಾಳುವ, ಎಚ್‌ಆರ್‌ಒ ಎಂದು ಗುರುತು ಹಾಕಿದ ನೈಟ್ರೈಲ್ ರಬ್ಬರಿನ ಅಟ್ಟೆಯೇ ಆಗಬೇಕು.

ಪಾಲಿಯುರಿಥೇನಿಗೆ ಇನ್ನೊಂದು ರೋಗವಿದೆ, ಅದರ ಬಗ್ಗೆ ಬೂಟು ಸ್ವಲ್ಪ ಹೆಚ್ಚು ಹೊತ್ತು ಮಾತಾಡಬಯಸುತ್ತದೆ. ಗಾಳಿಯ ತೇವ ಸೇರಿ ಅದರ ಅಣುಸರಪಳಿ ನಿಧಾನವಾಗಿ ತುಂಡಾಗುತ್ತದೆ. ವರ್ಷಗಟ್ಟಲೆ ಡಬ್ಬಿಯಲ್ಲಿಟ್ಟ ಹೊಸ ಬೂಟನ್ನು ಒಂದು ದಿನ ಹಾಕಿ ನಡೆದರೆ ಅಟ್ಟೆ ಪುಡಿಪುಡಿಯಾಗಿ ಉದುರುತ್ತದೆ. ಮಂಗಳೂರು, ಆಗುಂಬೆಯಂಥ ತೇವದ ಊರುಗಳಲ್ಲಿ ಇದು ಇನ್ನೂ ಬೇಗ. ಈ ಸ್ಟೋರಿನ ಮೇಲಿನ ಅಟ್ಟದಲ್ಲಿ ‘ಇನ್‌ಸ್ಪೆಕ್ಷನ್’ ಎಂದು ಬರೆದ ಡಬ್ಬಿಗಳಿವೆ. ಅಧಿಕಾರಿ ಬರುವ ದಿನ ಕೆಳಗಿಳಿಯುತ್ತವೆ, ಫೋಟೋ ಆಗುತ್ತದೆ, ಒರೆಸಿ ಮತ್ತೆ ಮೇಲೇರುತ್ತವೆ. ಯಾರ ಕಾಲನ್ನೂ ಕಾಯದೆ, ಸವೆಯದೆ, ಮೊಳೆ ಕಾಣದೆ, ಬರೀ ಕಾದು ಕಾದು ಪುಡಿಯಾಗುತ್ತವೆ. ಖರೀದಿಸುವಾಗ ಅಟ್ಟೆಯ ಮೇಲಿನ ತಯಾರಿಕೆಯ ತಿಂಗಳು, ವರ್ಷ ನೋಡಬೇಕು ಎನ್ನುವುದು ಇದಕ್ಕೇ.

ಪ್ರಶ್ನೆ: ಕಾರ್ಮಿಕರೇ ಹಾಕುವುದಿಲ್ಲ, ಅವರಿಗೆ ಹೇಳುವುದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎನ್ನುತ್ತಾರೆ ಸುರಕ್ಷತಾ ಅಧಿಕಾರಿಗಳು.

ಬೂಟು: ಕಿನ್ನರಿಯ ವಿಷಯದಲ್ಲಿ ಎಮ್ಮೆಯ ಚರ್ಮಕ್ಕೆ ಮಾತಾಡುವ ಹಕ್ಕಿದೆ. ಭಾಷಣ ಪೂರ್ತಿ ಬಾಯಿಪಾಠವಾಗಿದೆ. ಅದರಲ್ಲಿ ‘ಎಲ್ಲಿ ಕಚ್ಚುತ್ತದೆ?’ ಎಂಬ ಪ್ರಶ್ನೆ ಒಮ್ಮೆಯೂ ಬಂದಿಲ್ಲ. ಜೊತೆಗೆ ಒಂದು ಕಿಲೋ ಮೀರಿದ ತೂಕ, ಏಪ್ರಿಲ್ ಬಿಸಿಲು, ಕಾಲುಚೀಲ ಕೊಡದ ಗುತ್ತಿಗೆದಾರ. ಬರಿಗಾಲಿಗೆ ತೊಡಿಸಿದ ಬೂಟು ಮೊದಲ ದಿನವೇ ಹಿಮ್ಮಡಿಯಲ್ಲಿ ಗುಳ್ಳೆ ಎಬ್ಬಿಸುತ್ತದೆ. ಒದ್ದೆಯಾದ ಚರ್ಮ ರಾತ್ರಿ ಕಳೆಯುವುದರೊಳಗೆ ಒಣಗುವುದಿಲ್ಲ. ಎರಡು ಜೊತೆ ಕೊಟ್ಟು ದಿನ ಬಿಟ್ಟು ದಿನ ಹಾಕಿಸಿದರೆ ಎರಡೂ ಹೆಚ್ಚು ಬಾಳುತ್ತವೆ. ಒಣಗಿಸಲು ಒಳಗೆ ಪತ್ರಿಕೆ ತುರುಕಿ ನೆರಳಲ್ಲಿಡಬೇಕು. ಒಲೆಯ ಪಕ್ಕ ಇಟ್ಟರೆ ಚರ್ಮ ಸೀಳುತ್ತದೆ.

ಪ್ರಶ್ನೆ: ಸಿಮೆಂಟಿನ ಕೆಲಸಕ್ಕೆ?

ಬೂಟು: ಅದು ತಂಗಿ ಗಮ್‌ಬೂಟಿನ ಇಲಾಖೆ. ಹಸಿ ಸಿಮೆಂಟಿನ ಪಿಎಚ್ 12 ದಾಟುತ್ತದೆ, ಚರ್ಮವನ್ನು ಸುಡುತ್ತದೆ, ಮನುಷ್ಯನದ್ದಾಗಲಿ ಎಮ್ಮೆಯದ್ದಾಗಲಿ. ಸುಡುವುದು ತಕ್ಷಣ ಗೊತ್ತಾಗುವುದಿಲ್ಲ, ಅದೇ ಅಪಾಯ. ಕಾಂಕ್ರೀಟು ಹಾಕುವಾಗ ಪ್ಯಾಂಟು ಗಮ್‌ಬೂಟಿನ ಹೊರಗೆ ಇಳಿಬಿದ್ದಿರಬೇಕು. ಒಳಗೆ ತುರುಕಿದರೆ ಸಿಮೆಂಟಿನ ಹಾಲು ನೇರ ಬೂಟಿನೊಳಗೆ ಇಳಿದು ಸಂಜೆಯವರೆಗೆ ಅಲ್ಲೇ ಕೂರುತ್ತದೆ. ಮ್ಯಾನ್‌ಹೋಲಿನ ಕೆಲಸಕ್ಕೆ ಗಮ್‌ಬೂಟು ಇರಲೇಬೇಕೆಂದು ಮಲಹೊರುವ ಪದ್ಧತಿ ನಿಷೇಧದ 2013ರ ನಿಯಮಗಳಲ್ಲೂ ಬರೆದಿದೆ. ಬರೆದಿದೆ ಎಂಬುದಷ್ಟೇ ಬೂಟಿನ ಹೇಳಿಕೆ.

ಪ್ರಶ್ನೆ: ಹೆಂಗಸರಿಗೆ?

ಬೂಟು: ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟು ಬಾಂಡ್ಲಿ ಹೊರುವವರ ಕಾಲು ಹೆಚ್ಚಾಗಿ ಮೂರು, ನಾಲ್ಕು, ಐದನೇ ನಂಬರಿನದು. ಈ ಸ್ಟೋರಿನ ಲೆಕ್ಕ ಆರರಿಂದ ಶುರುವಾಗುತ್ತದೆ. ಸಣ್ಣ ನಂಬರುಗಳು ತಯಾರಾಗುತ್ತವೆ; ಕೇಳಬೇಕಷ್ಟೆ.

ಇಲ್ಲಿಂದ ಪ್ಯಾಂಟಿನ ಸರದಿ.

ಪ್ರಶ್ನೆ: ಕೆಲಸದ ಪ್ಯಾಂಟಿಗೆ ಜೀನ್ಸಿಗಿಂತ ಬೇರೆ ಬೇಕೆ?

ಪ್ಯಾಂಟು: ಹುಟ್ಟಿದ್ದಂತೂ ಅದಕ್ಕೇ. ಅಮೆರಿಕದ ರೆನೋ ಊರಿನ ದರ್ಜಿ ಜೇಕಬ್ ಡೇವಿಸ್, ಒಬ್ಬ ಕೂಲಿಯ ಹೆಂಡತಿ ಗಂಡನ ಪ್ಯಾಂಟು ಬಾಳುವುದೇ ಇಲ್ಲ ಎಂದು ಗೋಳಿಟ್ಟಾಗ ಜೇಬಿನ ಮೂಲೆಗಳಿಗೆ ತಾಮ್ರದ ರಿವೆಟ್ ಹೊಡೆದ. 1873ರಲ್ಲಿ ಬಟ್ಟೆ ವ್ಯಾಪಾರಿ ಲೆವಿ ಸ್ಟ್ರಾಸ್ ಜೊತೆ ಅದಕ್ಕೆ ಪೇಟೆಂಟ್ ಪಡೆದ. ಬಳ್ಳಾರಿಯ ಪ್ಯಾಂಟು ಆ ವಂಶದ್ದೇ ಆದರೂ ಈಗಿನ ಬಿಗಿ ಜೀನ್ಸ್ ಬೈಕಿನ ಮೇಲೆ ಕೂರಲು ಹೊಲಿದದ್ದು. ಡೆನಿಮ್ ನೆನೆದರೆ ಭಾರ, ಮಳೆಗಾಲದಲ್ಲಿ ಎರಡು ದಿನವಾದರೂ ಒಣಗುವುದಿಲ್ಲ. ನಮ್ಮ ಸೆಕೆಗೆ ಚದರ ಮೀಟರಿಗೆ 240ರಿಂದ 300 ಗ್ರಾಂ ತೂಗುವ ಡ್ರಿಲ್ ಬಟ್ಟೆ ಸಾಕು. ಪಾಲಿಯೆಸ್ಟರ್ ಬೆರೆತರೆ ಬಾಳಿಕೆ ಹೆಚ್ಚು, ಬೇಗ ಒಣಗುತ್ತದೆ. ಬೆವರು ಮಾತ್ರ ಅಷ್ಟಾಗಿ ಹೀರುವುದಿಲ್ಲ. ವೆಲ್ಡಿಂಗ್ ಮಾಡುವವರು ಅದನ್ನು ಮುಟ್ಟಲೇಬಾರದು, ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತದೆ. ಅವರಿಗೆ ಅಪ್ಪಟ ಹತ್ತಿ ಬೇಕು. ಪ್ಯಾಂಟಿನ ತುದಿಯನ್ನು ಮೇಲಕ್ಕೆ ಮಡಚಬಾರದು, ಕಿಡಿ ಆ ಮಡಿಕೆಯಲ್ಲೇ ಬೆಚ್ಚಗೆ ಕೂರುತ್ತದೆ.

ಹೊಲಿಗೆಯನ್ನು ಒಳಗೆ ತಿರುಗಿಸಿ ನೋಡಬೇಕು. ತೊಡೆಸಂದಿನಲ್ಲಿ ನಾಲ್ಕು ಹೊಲಿಗೆ ಒಂದೇ ಬಿಂದುವಿನಲ್ಲಿ ಸೇರಿದ್ದರೆ ಮೊದಲು ಹರಿಯುವುದು ಅದೇ. ಅಲ್ಲೊಂದು ವಜ್ರಾಕಾರದ ತುಂಡು ಸೇರಿಸಿ ಹೊಲಿದಿದ್ದರೆ ಕುಕ್ಕರಗಾಲಿಗೆ ಜಾಗ ಸಿಗುತ್ತದೆ, ಎಳೆತ ಹಂಚಿಹೋಗುತ್ತದೆ. ಮೂರು ಸಾಲು ಹೊಲಿಗೆ, ಮಂಡಿಗೆ ಎರಡು ಪದರ, ಬಗ್ಗಿದಾಗ ಬೆನ್ನು ಕಾಣದಷ್ಟು ಹಿಂದೆ ಎತ್ತರದ ಪಟ್ಟಿ, ಹಿತ್ತಾಳೆಯ ಜಿಪ್ ಇರಬೇಕು.

ಪ್ರಶ್ನೆ: ಲುಂಗಿ ಆಗದೆ?

ಪ್ಯಾಂಟು: ಮಣ್ಣಿನ ಕೆಲಸಕ್ಕೆ ಎತ್ತಿ ಕಟ್ಟಿದ ಲುಂಗಿಯಷ್ಟು ತಂಪು ಯಾವುದೂ ಇಲ್ಲ, ಪ್ಯಾಂಟು ಒಪ್ಪುತ್ತದೆ. ತಿರುಗುವ ಯಂತ್ರದ ಬಳಿ ಮಾತ್ರ ಸಡಿಲ ಬಟ್ಟೆ ಸಲ್ಲದು. ಚಲಿಸುವ ಯಂತ್ರದ ಹತ್ತಿರ ಹೋಗುವವನಿಗೆ ಮೈಗೊಪ್ಪುವ ಬಿಗಿ ಉಡುಪನ್ನು ಕಾರ್ಖಾನೆಯವನೇ ಒದಗಿಸಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 22ನೇ ಕಲಮೇ ಹೇಳಿತ್ತು.

ಪ್ರಶ್ನೆ: ಇದಕ್ಕೆಲ್ಲ ದುಡ್ಡು ಕೊಡುವವರು?

ಬೂಟು: ಮಾಲೀಕರು. ಸುರಕ್ಷತೆಗಾಗಿ ಒದಗಿಸಿದ್ದಕ್ಕೆ ಕಾರ್ಮಿಕರಿಂದ ಹಣ ವಸೂಲು ಮಾಡುವಂತಿಲ್ಲ ಎಂದು 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಹೇಳುತ್ತದೆ. ಈ ಸ್ಟೋರಿನ ರಿಜಿಸ್ಟರಿನಲ್ಲಿ ‘ಬೂಟು ಕಟಾವು’ ಎಂಬ ಕಾಲಂ ಇದೆ. ಅದನ್ನು ಬರೆದವರು ಸಂಹಿತೆ ಓದಿಲ್ಲವೋ, ಓದಿಯೇ ಬರೆದರೋ ತಿಳಿಯದು.

ಪ್ರಶ್ನೆ: ಬದಲಾಯಿಸುವುದು ಯಾವಾಗ?

ಬೂಟು: ಅಟ್ಟೆಯ ಕಚ್ಚು ಸವೆದು ನುಣ್ಣಗಾದಾಗ, ಬಿರುಕು ಬಿಟ್ಟಾಗ, ಹೊಲಿಗೆ ಬಿಚ್ಚಿದಾಗ, ಚರ್ಮ ಹರಿದು ಕವಚ ಇಣುಕಿದಾಗ. ಜೋರಾದ ಪೆಟ್ಟು ಒಮ್ಮೆ ಬಿದ್ದರೂ ಸಾಕು, ಹೊರಗೆ ಚೆನ್ನಾಗಿ ಕಂಡರೂ ಬಿಸಾಡಬೇಕು. ಉಕ್ಕು ತಗ್ಗಿ ಹಾಗೇ ಉಳಿಯುತ್ತದೆ. ಫೈಬರ್ ಒಳಗೇ ಬಿರಿದು ಮತ್ತೆ ಎದ್ದು ನಿಂತಿರುತ್ತದೆ, ಅದೇ ಹೆಚ್ಚು ಮೋಸದ್ದು. ಕೆಲಸ ಬಿಟ್ಟು ಊರಿಗೆ ಹೋದವರ ಬೂಟನ್ನು ಒರೆಸಿ ಹೊಸಬರಿಗೆ ಕೊಡುವುದು ಇಲ್ಲಿನ ಪದ್ಧತಿ. ಅಷ್ಟರಲ್ಲಿ ಒಳಗಿನ ಪದರ ಮೊದಲಿನವರ ಪಾದದ ಅಚ್ಚು ಹಿಡಿದಿರುತ್ತದೆ, ಅವರ ಬೆವರೂ ಶಿಲೀಂಧ್ರವೂ ಉಳಿದಿರುತ್ತವೆ. ಕೊಡಲೇಬೇಕೆಂದಿದ್ದರೆ ಒಳಪದರವನ್ನಾದರೂ ಹೊಸದು ಹಾಕಿ ಕೊಡಬೇಕು. ಅದರ ಖರ್ಚು ಖರೀದಿ ವಿಭಾಗದ ಒಂದು ಮಧ್ಯಾಹ್ನದ ಕಾಫಿ ತಿಂಡಿಗಿಂತ ಕಡಿಮೆ, ಮತ್ತು ಅದಕ್ಕೆ ಮೂರು ಕೊಟೇಶನ್ ಬೇಕಿಲ್ಲ.