ಬೋಲ್ಟಿನ ಅಸ್ಮಿತೆ ಮತ್ತು ಡಬ್ಬಿಯ ಸಂಕಥನ: ತುಮಕೂರು ಸೀಮೆಯ ನೆಲೆಯಲ್ಲೊಂದು ತಾತ್ವಿಕ ಅನುಸಂಧಾನ

ಮನೆಯ ಶೆಡ್ಡಿನಲ್ಲೇ ಜೋಡಿಸಿಕೊಳ್ಳುವ ಕಿಟ್ ವಿಮಾನದ ಬಗ್ಗೆ ಬರೆದವರೆಲ್ಲ ರೆಕ್ಕೆ, ಎಂಜಿನ್, ಹಾರಾಟ ಮುಂತಾದ ಮೇಲ್‌ಸ್ತರದ ಚಹರೆಗಳಲ್ಲೇ ಸುತ್ತಾಡಿದ್ದಾರೆ ಎಂಬುದು ಈ ಪ್ರಬಂಧದ ಪ್ರಾಕ್ಕಲ್ಪನೆ. ಪೆಟ್ಟಿಗೆ ಬಿಚ್ಚಿದ ಮೊದಲ ದಿನ ಅಲ್ಲಿ ವಿಮಾನವೇ ಇರುವುದಿಲ್ಲ. ಇರುವುದು ಒಂದಷ್ಟು ತಗಡು, ಒಂದು ಪಟ್ಟಿ ಮತ್ತು ಚೀಲ ಚೀಲ ಬೋಲ್ಟು, ನಟ್ಟು, ವಾಷರು, ರಿವೆಟ್ಟು. ಆದಕಾರಣ ವಿಮಾನದ ಸತ್ತಾಮೀಮಾಂಸೆ ಚೀಲದ ಬಾಯಿಂದಲೇ ಆರಂಭವಾಗತಕ್ಕದ್ದು. ಅಧ್ಯಯನದ ವ್ಯಾಪ್ತಿ ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್. ಈ ಮೂರು ಊರುಗಳಲ್ಲಿ ಕಿಟ್ ವಿಮಾನ ಕಟ್ಟುವವರು ಯಾರಿದ್ದಾರೆ ಎಂದು ಕೆಲವರು ಕೇಳಬಹುದು. ವಸ್ತು ಇಲ್ಲದಿರುವುದು ಪ್ರಬಂಧಕ್ಕೆ ಅಡ್ಡಿಯೆಂದು ನಮ್ಮ ವಿದ್ವತ್ ವಲಯ ಯಾವತ್ತೂ ಭಾವಿಸಿಲ್ಲ. ಆದರೂ ಸಾಕ್ಷ್ಯ ಬೇಕೆನ್ನುವವರಿಗಾಗಿ ಹೇಳುವುದಾದರೆ, ಪಕ್ಕದ ಬೆಂಗಳೂರಿನ ರಾಜಹಂಸ ಅಲ್ಟ್ರಾಲೈಟ್ಸ್ ಎಕ್ಸ್-ಏರ್ ಎಂಬ ಕಿಟ್ ವಿಮಾನಗಳನ್ನು ತಯಾರಿಸಿ ವಿದೇಶಗಳಿಗೆ ಕಳಿಸಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆಯೇ 615 ಎಕರೆಯಲ್ಲಿ ನಿಂತಿದೆ. ಬೋಲ್ಟು ಎರಡೂ ಕಡೆ ಬೋಲ್ಟೇ.

ಮೊದಲಿಗೆ ಬೋಲ್ಟಿನ ಅಸ್ಮಿತೆ. ಅಮೆರಿಕದ ಸೇನೆ ಮತ್ತು ನೌಕಾಪಡೆ ಸೇರಿ ಹುಟ್ಟಿಸಿದ ‘ಎಎನ್’ ಪದ್ಧತಿಯಲ್ಲಿ ಎಎನ್3 ಎಂದರೆ ಇಂಚಿನ ಹದಿನಾರರಲ್ಲಿ ಮೂರು ಭಾಗ ದಪ್ಪದ್ದು, ಎಎನ್4 ಎಂದರೆ ನಾಲ್ಕು ಭಾಗದ್ದು, ಅಂದರೆ ಕಾಲಿಂಚು. ಆಮೇಲಿನ ಅಂಕಿ ಉದ್ದ ಹೇಳುತ್ತದೆ, ಆದರೆ ಹದಿನಾರರ ಲೆಕ್ಕದಲ್ಲಲ್ಲ, ಎಂಟರ ಲೆಕ್ಕದಲ್ಲಿ. ಎಎನ್3-7 ಸುಮಾರು ಮುಕ್ಕಾಲಿಂಚಿನ ಮೇಲೆ ಅರೆಕಾಲು. ಅದರ ಮುಂದಿನದು 8 ಎಂದು ತಿಳಿದವರು ಇಲ್ಲೇ ಅನುತ್ತೀರ್ಣ. ಮುಂದಿನದು 10, ಅಂದರೆ ಒಂದಿಂಚು. 8 ಮತ್ತು 9 ಈ ಲೋಕದಲ್ಲಿ ಹುಟ್ಟಿಯೇ ಇಲ್ಲ. 17ರ ನಂತರ ನೇರವಾಗಿ 20. ಕೊನೆಗೆ ‘ಎ’ ಅಕ್ಷರ ಇದ್ದರೆ ಬೋಲ್ಟಿನ ಬಾಲದಲ್ಲಿ ತೂತು ಇಲ್ಲ, ಅಕ್ಷರ ಇಲ್ಲದಿದ್ದರೆ ತೂತು ಇದೆ! ಇಲ್ಲದ್ದನ್ನು ಅಕ್ಷರದಿಂದಲೂ ಇದ್ದದ್ದನ್ನು ಮೌನದಿಂದಲೂ ಸೂಚಿಸುವ ಈ ಕ್ರಮವನ್ನು ಭಾರತೀಯ ಕಾವ್ಯಮೀಮಾಂಸೆ ಇನ್ನೂ ತಕ್ಕಂತೆ ಗಮನಿಸಿಲ್ಲ. ರಿವೆಟ್ಟಿಗೆ ಬಂದರೆ ದಪ್ಪಕ್ಕೆ ಮೂವತ್ತೆರಡರ ಲೆಕ್ಕ, ಉದ್ದಕ್ಕೆ ಹದಿನಾರರ ಲೆಕ್ಕ. ತಗಡಿನ ಮಟ್ಟಕ್ಕೆ ಹುದುಗುವ ತಲೆಯದು 426, ಉಬ್ಬು ತಲೆಯದು 470. ತಲೆಯ ನಡುವೆ ಸಣ್ಣ ಕುಳಿ ಇದ್ದರೆ ಒಂದು ಮಿಶ್ರಲೋಹ, ಕುಳಿಯ ಬದಲು ಉಬ್ಬಿದ ಚುಕ್ಕೆ ಇದ್ದರೆ ಇನ್ನೊಂದು, ಏನೂ ಇಲ್ಲದೆ ನುಣ್ಣಗಿದ್ದರೆ ಭಾರ ಹೊರಲಾರದ ಮೆತ್ತನೆಯ ಅಲ್ಯುಮಿನಿಯಂ. ಸಾಸಿವೆಗಿಂತ ತುಸು ದೊಡ್ಡ ತಲೆಯ ಮೇಲೆ ಇಷ್ಟೆಲ್ಲ ಓದಬೇಕು.

ಈಗ ವರ್ಗೀಕರಣ. ಬಿಡಿಭಾಗಗಳನ್ನು ಡಬ್ಬಿಗಳಿಗೆ ತುಂಬುವ ಪ್ರಕ್ರಿಯೆಯನ್ನು ಸ್ಥೂಲವಾಗಿ ಐದು ನೆಲೆಗಳಲ್ಲಿ ಗ್ರಹಿಸಬಹುದು. ಒಂದು, ಪರಿಮಾಣಾತ್ಮಕ ನೆಲೆ: ಬಂದದ್ದೆಷ್ಟು ಎಂದು ಪಟ್ಟಿ ಹಿಡಿದು ತಾಳೆ ನೋಡುವುದು, ಸಣ್ಣ ರಿವೆಟ್ಟುಗಳನ್ನು ಎಣಿಸದೆ ತೂಗುವುದು. ಎರಡು, ವಂಶಾವಳಿಯ ನೆಲೆ: ಟಿಪ್ಪುವಿನ ಕಾಲದಿಂದ ಹೆಸರಾದ ಕುಣಿಗಲ್ ಕುದುರೆ ಫಾರಂನಲ್ಲಿ ಮರಿಯ ತಂದೆ ತಾಯಿ ಗೊತ್ತಿಲ್ಲದಿದ್ದರೆ ಅದು ಎಷ್ಟೇ ಚೆನ್ನಾಗಿ ಓಡಲಿ ರೇಸಿನ ಕುದುರೆಯಾಗಿ ದಾಖಲಾಗುವುದಿಲ್ಲವಲ್ಲ, ಹಾಗೆ ಎಲ್ಲಿ ತಯಾರಾಯಿತು, ಯಾವ ಬ್ಯಾಚಿನದು ಎಂಬ ಕಾಗದ ಜೊತೆಗಿಲ್ಲದ ಬೋಲ್ಟು ವಿಮಾನದ ಬೋಲ್ಟಲ್ಲ. ಮೂರು, ಸ್ಪರ್ಶಾತ್ಮಕ ನೆಲೆ: ಬೆರಳಿನಿಂದ ಮುಟ್ಟಿ ಗುರುತಿಸುವುದು. ನಾಲ್ಕನೆಯದೂ ಐದನೆಯದೂ ಇಂಥ ಪ್ರಬಂಧಗಳಲ್ಲಿ ಪುಟ ತುಂಬಲೆಂದೇ ಇರುವಂಥವು, ಅವನ್ನು ಇಲ್ಲಿಗೆ ಬಿಡೋಣ. ಮೂರನೆಯದರಲ್ಲೇ ಇಡೀ ವಿಷಯ ಅಡಗಿದೆ.

ಆಕ್ಷೇಪ: ಕಂಪ್ಯೂಟರು, ಬಾರ್‌ಕೋಡು ಇರುವ ಕಾಲದಲ್ಲಿ ಬೆರಳಿನಿಂದ ಮುಟ್ಟಿ ನೋಡುವ ಮಾತೇಕೆ? ಸಮಾಧಾನ: ಬಾರ್‌ಕೋಡು ಇರುವುದು ಚೀಲದ ಮೇಲೆ. ಚೀಲ ಹರಿದ ಕ್ಷಣಕ್ಕೆ ಬೋಲ್ಟು ಅನಾಥ. ಅದರ ತಲೆಯ ಮೇಲೆ ಒಂದು ಗುಣಾಕಾರದ ಗುರುತು, ತಯಾರಕನ ಒಂದೆರಡು ಅಕ್ಷರ ಇರಬಹುದು, ಉದ್ದ ಬರೆದಿರುವುದಿಲ್ಲ. ಇನ್ನೊಂದು ಆಕ್ಷೇಪ: ತುಮಕೂರಿನ ಮಂಡಿಪೇಟೆಯ ಅಂಗಡಿಯಲ್ಲಿ ಸಿಗುವ 5 ಮಿ.ಮೀ. ನಟ್ಟು ಹಾಕಿದರೆ ಏನು ಗಂಟು ಹೋಗುತ್ತದೆ? ಎಎನ್3 ಬೋಲ್ಟಿಗೆ ಅದು ಹತ್ತುತ್ತದೆ, ನಿಜ. ನಟ್ಟಿನ ಥ್ರೆಡ್ಡಿನ ಅಂತರ 0.8 ಮಿ.ಮೀ., ಬೋಲ್ಟಿನದು 0.794. ಆದರೆ ಬೋಲ್ಟಿನ ದಪ್ಪ 4.83 ಮಿ.ಮೀ. ಮಾತ್ರ, ನಟ್ಟು ಸಡಿಲವಾಗಿಯೇ ಕೂರುತ್ತದೆ. ಹತ್ತದೇ ಇದ್ದರೆ ಯಾರೂ ಸಾಯುವುದಿಲ್ಲ. ಹತ್ತಿ ಕೂರುವುದೇ ಅಪಾಯ.

ಇದು ಕಲ್ಪನೆಯಲ್ಲ. 1990ರ ಜೂನ್ 10ರಂದು ಬ್ರಿಟಿಷ್ ಏರ್‌ವೇಸ್‌ನ 5390ನೇ ವಿಮಾನ ಬರ್ಮಿಂಗ್‌ಹ್ಯಾಮ್‌ನಿಂದ ಹೊರಟು ಮೇಲೇರುತ್ತಿದ್ದಾಗ ಕ್ಯಾಪ್ಟನ್ನನ ಎದುರಿನ ಗಾಜು ಕಿತ್ತುಹೋಯಿತು. ಕ್ಯಾಪ್ಟನ್ ಟಿಮ್ ಲ್ಯಾಂಕಾಸ್ಟರ್ ಸೊಂಟದವರೆಗೆ ಹೊರಗೆ ಸೆಳೆದುಹೋದರು. ಸಿಬ್ಬಂದಿ ಅವರ ಕಾಲು ಹಿಡಿದುಕೊಂಡರು, ಸಹ ಪೈಲಟ್ ಸೌತಾಂಪ್ಟನ್‌ನಲ್ಲಿ ಇಳಿಸಿದರು, ಎಲ್ಲರೂ ಬದುಕಿದರು. ಅದಕ್ಕೆ ಮುಂಚಿನ ಒಂದು ರಾತ್ರಿಪಾಳಿಯಲ್ಲಿ ಆ ಗಾಜನ್ನು ಹೊಸದಾಗಿ ಕೂರಿಸಲಾಗಿತ್ತು. ಅದರ 90 ಬೋಲ್ಟುಗಳಲ್ಲಿ 84ರ ದಪ್ಪ ಇಂಚಿನ ಸಾವಿರದಲ್ಲಿ 26 ಭಾಗದಷ್ಟು ಕಡಿಮೆ, ಉಳಿದ 6 ಗಿಡ್ಡವು. ಕೆಲಸದ ಮೇಲಧಿಕಾರಿ ಹಳೆಯ ಬೋಲ್ಟನ್ನು ಕೈಯಲ್ಲಿ ಹಿಡಿದು, ಸಾಲದ ಬೆಳಕಿನಲ್ಲಿ ಕಣ್ಣಳತೆಯಿಂದ ಹೊಂದಿಸಿಕೊಂಡಿದ್ದರು. ಆ ಗಾಜಿಗೆ ಹಾಕುವುದು 8ಡಿ (ಇದು ಎಎನ್ ಅಲ್ಲದ ಬೇರೆ ಪದ್ಧತಿಯ ಬೋಲ್ಟು) ಎಂದು ಉಗ್ರಾಣದ ನೌಕರ ಅವರಿಗೆ ಹೇಳಿದ್ದ. ಅವನ ಮಾತು ಲೆಕ್ಕಕ್ಕೆ ಬರಲಿಲ್ಲ. ತನಿಖೆಯ ಪುಟಗಳಲ್ಲಿ ಬೇರೆ ಹತ್ತು ಕಾರಣಗಳಿವೆ, ಆದರೆ ಈ ಪ್ರಬಂಧಕ್ಕೆ ಇದೊಂದೇ ಸಾಕು: ಗೊತ್ತಿದ್ದವನು ಉಗ್ರಾಣದಲ್ಲಿದ್ದ, ತೀರ್ಮಾನ ಮಾಡುವವನು ಅವನಿಗಿಂತ ಮೇಲಿದ್ದ.

ಬೋಲ್ಟಿಗೆ ನೂರಾರು ಡಬ್ಬಿ ಮಾಡಿಟ್ಟಿರುವ ನಾವು ಮನುಷ್ಯರಿಗೆ ಎಷ್ಟು ಮಾಡಿದ್ದೇವೆ? ಕನಿಷ್ಠ ವೇತನದ ಪಟ್ಟಿಗಳನ್ನು ನೋಡಿ: ಅತಿಕುಶಲ, ಕುಶಲ, ಅರೆಕುಶಲ, ಅಕುಶಲ. ನಾಲ್ಕೇ ನಾಲ್ಕು. ಗುಬ್ಬಿ ಸೀಮೆಯ ಅಡಿಕೆ ಮನೆಗಳಲ್ಲಿ ಮೊರದ ಮುಂದೆ ಕೂತು, ಮಾತಾಡುತ್ತಲೇ, ಒಡಕು, ಹುಳುಕು, ಗಾತ್ರ, ಬಣ್ಣ ನೋಡಿ ಬೇರೆ ಬೇರೆ ಗುಡ್ಡೆ ಹಾಕುವ ಹೆಂಗಸನ್ನು ಇದರಲ್ಲಿ ಯಾವುದಕ್ಕೆ ಹಾಕುತ್ತಾರೆಂದು ಬಿಡಿಸಿ ಹೇಳಬೇಕಿಲ್ಲ. ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಚಿಮುಟದ ತುದಿಗೆ ಮಾತ್ರ ಸಿಗುವ ಸ್ಕ್ರೂಗಳನ್ನು ದಶಕಗಳ ಕಾಲ ಆರಿಸಿ ಕೂರಿಸಿದ ಕೈಗಳಿದ್ದವು. 2016ರ ಜನವರಿ 3ರಂದು ಬಿದರೆಹಳ್ಳ ಕಾವಲಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆಗೆ ಶಂಕುಸ್ಥಾಪನೆ. ಅದೇ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟದ ಒಪ್ಪಿಗೆ. ಒಂದೇ ಜಿಲ್ಲೆ, ಒಂದೇ ತಿಂಗಳು. ಇಲ್ಲಿ ಬರುತ್ತಿದೆ, ಅಲ್ಲಿ ಹೋಗುತ್ತಿದೆ, ನಡುವೆ ಒಂದು ಸೇತುವೆ ಹಾಕೋಣ ಎಂದು ಯೋಜನೆ ಬರೆಯುವವರಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಕೈಗಳಿಗೆ ಸ್ವಯಂನಿವೃತ್ತಿ, ವಾಚ್ ಕಾರ್ಖಾನೆಯ ಜಾಗಕ್ಕೆ ಇಸ್ರೋ. ಹೆಲಿಕಾಪ್ಟರ್ ಕಾರ್ಖಾನೆಯ ಉದ್ಘಾಟನೆಯಾದದ್ದು 2023ರ ಫೆಬ್ರವರಿ 6ಕ್ಕೆ, ಏಳು ವರ್ಷದ ಮೇಲೆ. ಮೊದಲು ವರ್ಷಕ್ಕೆ 30, ಆಮೇಲೆ 60, 90 ಹೆಲಿಕಾಪ್ಟರ್ ಎಂಬ ಲೆಕ್ಕ ಭಾಷಣದಲ್ಲಿತ್ತು. ಆ ಏಳು ವರ್ಷದಲ್ಲಿ ಎಷ್ಟು ಕಣ್ಣುಗಳು ಮಸುಕಾದವು ಎಂಬ ಲೆಕ್ಕಕ್ಕೆ ಕಾಲಂ ಇಲ್ಲ.

ವಾಚಿನ ಕೆಲಸ ಬೇರೆ, ಹೆಲಿಕಾಪ್ಟರಿನದು ಬೇರೆ, ಐವತ್ತು ದಾಟಿದವರನ್ನು ಹೊಸ ಕಾರ್ಖಾನೆಗೆ ತುಂಬಿಕೊಳ್ಳುವುದು ಹೇಗೆ ಎಂದು ಬುದ್ಧಿವಂತರು ಕೇಳುತ್ತಾರೆ. ಈ ಆಕ್ಷೇಪದಲ್ಲಿ ಹುರುಳಿದೆ. ವಾಚಿನವರೆಲ್ಲ ಹೆಲಿಕಾಪ್ಟರ್ ಕಟ್ಟಬೇಕಿತ್ತೆಂದು ಯಾರೂ ಹೇಳುತ್ತಿಲ್ಲ. ಆದರೆ ಒಂದರಂತೆಯೇ ಕಾಣುವ ಎರಡನ್ನು ಬೇರೆ ಮಾಡುವ ಕಣ್ಣು, ಅನುಮಾನ ಬಂದರೆ ಅಲ್ಲೇ ನಿಲ್ಲುವ ಅಭ್ಯಾಸ, ಇವು ವಸ್ತು ಬದಲಾದರೆ ಸಾಯುವುದಿಲ್ಲ. ಐಟಿಐ ಮುಗಿಸಿ ಬಂದ ಹುಡುಗನ ಪಕ್ಕ ಅಂಥವರೊಬ್ಬರನ್ನು ಆರು ತಿಂಗಳು ಕೂರಿಸಿದ್ದರೆ ಸಾಕಿತ್ತು. ಅದಕ್ಕೆ ಅವರಿಗೆ ಹೆಲಿಕಾಪ್ಟರ್ ಗೊತ್ತಿರಬೇಕಾಗಿಲ್ಲ. ‘ಕೌಶಲ್ಯಾಭಿವೃದ್ಧಿಯ ಪರಿಪ್ರೇಕ್ಷ್ಯ’, ‘ದೇಸಿ ಜ್ಞಾನಪರಂಪರೆಯ ಮರುಶೋಧ’ ಎಂದು ಎರಡೆರಡು ದಿನದ ವಿಚಾರಸಂಕಿರಣ ಮಾಡುವವರು ಆ ಪರಂಪರೆ ಗೇಟು ದಾಟಿ ಮನೆಗೆ ಹೋದಾಗ ಯಾವ ಗೋಷ್ಠಿಯಲ್ಲಿದ್ದರು? ಪ್ರಬಂಧದ ಶೈಲಿ ಇಲ್ಲಿ ಕೆಟ್ಟಿದೆ, ಪರೀಕ್ಷಕರು ಅಂಕ ಕಳೆಯಬಹುದು.

ಮುಂದಿನ ಸಂಶೋಧಕರಿಗೆ ಒಂದೇ ಸಲಹೆ. ಬರುವ ವಿಚಾರಸಂಕಿರಣವನ್ನು ಸಭಾಂಗಣದಲ್ಲಿ ಬೇಡ, ಯಾವುದಾದರೂ ಉಗ್ರಾಣದಲ್ಲಿ ಇಟ್ಟುಕೊಳ್ಳಲಿ. ಎಎನ್3 ಬೋಲ್ಟುಗಳನ್ನು ಎಲ್ಲ ಉದ್ದಗಳಲ್ಲೂ, ತೂತಿದ್ದದ್ದು ಇಲ್ಲದ್ದು ಬೆರೆಸಿ, ಮೇಜಿನ ಮೇಲೆ ಸುರಿಯಲಿ. ಉದ್ಘಾಟಕರು, ಆಶಯ ನುಡಿಯವರು, ಪ್ರಬಂಧಕಾರರು ಒಬ್ಬೊಬ್ಬರಾಗಿ ಬಂದು ಅದರಿಂದ ಎಎನ್3-10ಎ ಒಂದನ್ನು ಹೆಕ್ಕಿ ಉಗ್ರಾಣದ ನೌಕರನ ಕೈಗೆ ಕೊಡಲಿ. ಅವನು ಸರಿ ಎಂದರೆ ಟಿ.ಎ., ಡಿ.ಎ. ಬಿಲ್ಲಿಗೆ ಅವನೇ ಸಹಿ ಹಾಕುತ್ತಾನೆ.