ಒಂದಿಂಚು ಬೆಳಕು

ಮುಕ್ಕಾಲಿಯ ಮೇಲೆ ಏನನ್ನೋ ಕೂರಿಸಿಕೊಂಡು ಹೊಲದ ಬದುವಿನಲ್ಲಿ ನಿಂತವನನ್ನು ನಮ್ಮ ಶಿರಾ ಸೀಮೆಯಲ್ಲಿ ಯಾರೂ ಖಗೋಳಪ್ರಿಯ ಎಂದುಕೊಳ್ಳುವುದಿಲ್ಲ, ಸರ್ವೆಯವನು ಎಂದುಕೊಳ್ಳುತ್ತಾರೆ. ಅದರಲ್ಲಿ ತಪ್ಪೂ ಇಲ್ಲ. ಮುಕ್ಕಾಲಿ ಬಂದ ಹಿಂದೆಯೇ ಕಲ್ಲು ನೆಡುವವರು ಬರುತ್ತಾರೆ, ಕಲ್ಲಿನ ಹಿಂದೆ ನೋಟೀಸು, ನೋಟೀಸಿನ ಹಿಂದೆ ಜೆಸಿಬಿ. ಹಾಗಾಗಿ ಕಳೆದ ಶಿವರಾತ್ರಿಯ ಸಂಜೆ ಸೋದರಮಾವನ ಮನೆಯಂಗಳದಲ್ಲಿ ನಾನು ಟೆಲಿಸ್ಕೋಪು ಬಿಚ್ಚಿ ಜೋಡಿಸುವಷ್ಟರಲ್ಲಿ ಬೇಲಿಯಾಚೆ ಹನ್ನೊಂದು ಜನ ಸೇರಿದ್ದರು. ಯಾರೂ ಮಾತಾಡಲಿಲ್ಲ. ನಾನು ಯಾವ ದಿಕ್ಕಿಗೆ ತಿರುಗಿಸುತ್ತೇನೆ ಎಂಬುದಷ್ಟೇ ಅವರಿಗೆ ಬೇಕಿತ್ತು. ಉತ್ತರಕ್ಕೆ ತಿರುಗಿಸಿದೆ. ಉತ್ತರದಲ್ಲಿ ಹೊಲವಿದ್ದವರು ಇಬ್ಬರು ಮೆಲ್ಲಗೆ ಮನೆಗೆ ಹೋದರು, ಬಹುಶಃ ಪಹಣಿ ಹುಡುಕಲು.

ನನ್ನದು ದೊಡ್ಡ ಯಂತ್ರವೇನಲ್ಲ. ಮುಂದಿನ ಗಾಜಿನ ಅಗಲ 80 ಮಿಲಿಮೀಟರ್, ಅಂದರೆ ಉಪ್ಪಿನಕಾಯಿ ಜಾಡಿಯ ಬಾಯಿಯಷ್ಟು. ಅದರ ಬೆನ್ನಿಗೆ ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡ ಹಳೆಯ ಕ್ಯಾಮೆರಾ. ಇವೆರಡನ್ನೂ ಹೊರುವ, ನಕ್ಷತ್ರಗಳ ಜೊತೆ ತಾನೂ ತಿರುಗುವ ಮೋಟಾರಿನ ಪೀಠ ಮಾತ್ರ ಟೆಲಿಸ್ಕೋಪಿನ ನಾಲ್ಕು ಪಟ್ಟು ತೂಕ. ಮೂಗಿಗಿಂತ ಮೂಗುತಿ ಭಾರ. ಬೆಲೆಯನ್ನು ಇಲ್ಲಿ ಬರೆಯುವುದಿಲ್ಲ, ಈ ಪ್ರಬಂಧವನ್ನು ಮನೆಯಲ್ಲೂ ಓದುತ್ತಾರೆ.

“ಹಬಲ್ ತೆಗೆದ ಫೋಟೋ ಮೊಬೈಲಿನಲ್ಲೇ ಪುಕ್ಕಟೆ ಸಿಗುತ್ತಲ್ಲ, ನೀವು ತೆಗೆಯೋದು ಯಾಕೆ?” ಎಂದು ಹೆಂಡತಿ ಮೊದಲ ದಿನವೇ ಕೇಳಿದ್ದಳು. ಅಂಗಡಿಯಲ್ಲಿ ಹಪ್ಪಳ ಸಿಗುವಾಗ ನಿಮ್ಮಮ್ಮ ಪ್ರತಿ ಬೇಸಿಗೆ ಮಾಳಿಗೆ ಹತ್ತಿ ಒಣಹಾಕುವುದು ಯಾಕೆ ಎಂದು ಕೇಳಿದೆ. ಉತ್ತರ ಚೆನ್ನಾಗಿತ್ತು ಅಂತಲೇ ಈಗಲೂ ನನ್ನ ಅಭಿಪ್ರಾಯ. ಅಂದಿನಿಂದ ನಮ್ಮ ಮನೆಯ ಊಟಕ್ಕೆ ಹಪ್ಪಳ ಬರುವುದು ನಿಂತಿತು.

ಬೆಂಗಳೂರಿನ ತಾರಸಿಯಲ್ಲೂ ಪ್ರಯತ್ನಿಸಿದ್ದೆ. ಅಲ್ಲಿ ಆಕಾಶ ನಡುರಾತ್ರಿಯಲ್ಲೂ ಹಾಲು ಜಾಸ್ತಿಯಾದ ಚಹಾದ ಬಣ್ಣ. ಅರ್ಧ ನಿಮಿಷ ಕ್ಯಾಮೆರಾ ಕಣ್ಣು ತೆರೆದಿಟ್ಟರೆ ಸುಣ್ಣ ಹೊಡೆದ ಗೋಡೆ ಬರುತ್ತದೆ. ನಮ್ಮ ವಿಜ್ಞಾನಿಗಳು ಬುದ್ಧಿವಂತರು: ಟೆಲಿಸ್ಕೋಪನ್ನು ಲಡಾಖಿನ ಹಾನ್ಲೆಯಲ್ಲಿಟ್ಟು, ತಾವು ಹೊಸಕೋಟೆಯಲ್ಲಿ ಕೂತು ದೂರದಿಂದಲೇ ಅದನ್ನು ನಡೆಸುತ್ತಾರೆ. ನನಗೆ ಲಡಾಖಿನಲ್ಲಿ ಸೋದರಮಾವ ಇಲ್ಲ.

ನಾನು ಹಿಡಿಯಲು ಹೊರಟಿದ್ದ ಗೆಲಾಕ್ಸಿಯ ಹೆಸರು ಎಂ51. ಮೆಸ್ಸಿಯೇ ಎಂಬ ಫ್ರೆಂಚ್ ಮನುಷ್ಯ 1773ರಲ್ಲಿ ಇದನ್ನು ಕಂಡು ಪಟ್ಟಿಗೆ ಸೇರಿಸಿದ. ಪ್ರೀತಿಯಿಂದಲ್ಲ. ಅವನು ಧೂಮಕೇತು ಹುಡುಕುವವನು. ಧೂಮಕೇತುವಿನಂತೆ ಕಂಡು ಮೋಸ ಮಾಡುವ ಮಬ್ಬುಚುಕ್ಕೆಗಳನ್ನೆಲ್ಲ ಬರೆದಿಟ್ಟುಕೊಂಡಿದ್ದ, ಮತ್ತೆ ಏಮಾರಬಾರದೆಂದು. ಮದುವೆಯ ಮುಯ್ಯಿ ಪುಸ್ತಕದಲ್ಲಿ ಖಾಲಿ ಕವರು ಕೊಟ್ಟವರ ಪಟ್ಟಿ ಇದ್ದ ಹಾಗೆ. ಇವತ್ತು ಅವನು ಕಂಡ ಧೂಮಕೇತುಗಳು ಯಾರಿಗೂ ಬೇಡ, ಆ ಪಟ್ಟಿಗಾಗಿ ಹವ್ಯಾಸಿಗಳು ನಿದ್ದೆಗೆಡುತ್ತಾರೆ.

ಇದರ ವಿಳಾಸ ನಮ್ಮವರಿಗೆ ಕಷ್ಟವಲ್ಲ. ಮದುವೆಯಲ್ಲಿ ತೋರಿಸುವ ಅರುಂಧತಿ ಇದ್ದಾಳಲ್ಲ, ಸಪ್ತರ್ಷಿಗಳ ಬಾಲದ ನಡುವೆ, ವಸಿಷ್ಠನ ಪಕ್ಕಕ್ಕೆ ಅಂಟಿಕೊಂಡು. ಅಲ್ಲಿಂದ ಬಾಲದ ತುದಿಯ ಮರೀಚಿಗೆ ಬಂದು ಸ್ವಲ್ಪ ಪಕ್ಕಕ್ಕೆ ತಿರುಗಿದರೆ ಆಯಿತು. ತೊಂದರೆಯೆಂದರೆ ಅರುಂಧತಿಯನ್ನು ನಿಜಕ್ಕೂ ನೋಡಿದವರು ಕಡಿಮೆ. ನನ್ನ ಮದುವೆಯಲ್ಲಿ ಪುರೋಹಿತರು ಅವಳನ್ನು ತೋರಿಸಿದ್ದು ಬೆಳಗ್ಗೆ ಹನ್ನೊಂದೂವರೆಗೆ, ಕಲ್ಯಾಣಮಂಟಪದ ಫ್ಯಾನಿನ ದಿಕ್ಕಿಗೆ. “ಕಂಡಿತಾ?” ಅಂದರು. “ಕಂಡಿತು” ಅಂದೆವು. ದಾಂಪತ್ಯದಲ್ಲಿ ನಾವಿಬ್ಬರೂ ಒಟ್ಟಿಗೆ ಹೇಳಿದ ಮೊದಲ ಸುಳ್ಳು ಅದು.

ಶಿವರಾತ್ರಿಯನ್ನೇ ಆರಿಸಿಕೊಂಡಿದ್ದಕ್ಕೆ ಭಕ್ತಿ ಕಾರಣವಲ್ಲ. ಅದು ಬಹುಳ ಚತುರ್ದಶಿ, ಬೆಳಗಿನ ಜಾವದವರೆಗೆ ಚಂದ್ರನ ಕಾಟವಿಲ್ಲ. ಎಂ51 ಹನ್ನೊಂದರ ಮೇಲೆ ಈಶಾನ್ಯದಲ್ಲಿ ಏರುತ್ತ, ಮೂರನೇ ಯಾಮದ ಪೂಜೆ ಮುಗಿಯುವ ಹೊತ್ತಿಗೆ ಎತ್ತರಕ್ಕೆ ಬರುತ್ತದೆ. ಹೇಗೂ ಊರೆಲ್ಲ ಎದ್ದಿರುತ್ತದೆ; ನಾನೊಬ್ಬ ಎದ್ದಿದ್ದರೆ ಹುಚ್ಚ ಅನ್ನುವುದಿಲ್ಲ. ಲೆಕ್ಕ ಸರಿಯಾಗಿತ್ತು, ಒಂದನ್ನು ಬಿಟ್ಟು. ಆ ರಾತ್ರಿ ಊರಿನಲ್ಲಿ ಕುರುಕ್ಷೇತ್ರ ನಾಟಕ ಇಟ್ಟುಕೊಂಡಿದ್ದರು. ದೇವಸ್ಥಾನದ ಮುಂದೆ ಸೀನರಿ, ಹಾರ್ಮೋನಿಯಂ, ನಾಲ್ಕು ಕಡೆ ಫೋಕಸ್ ಲೈಟು.

ಮೊದಲ ಕೆಲಸ ಧ್ರುವನನ್ನು ಹಿಡಿಯುವುದು. ಭೂಮಿ ಗಂಟೆಗೆ ಹದಿನೈದು ಡಿಗ್ರಿ ತಿರುಗುತ್ತದೆ. ಪೀಠದ ಅಚ್ಚು ಭೂಮಿಯ ಅಚ್ಚಿಗೆ ಸಮನಾಗಿ ನಿಂತರೆ ಮಾತ್ರ ಮೋಟಾರು ಆ ತಿರುಗಾಟವನ್ನು ಸರಿದೂಗಿಸುತ್ತದೆ, ಇಲ್ಲದಿದ್ದರೆ ನಕ್ಷತ್ರಗಳೆಲ್ಲ ಶ್ಯಾವಿಗೆ ಆಗುತ್ತವೆ. ಲಂಡನ್ನಿನವರಿಗೆ ಧ್ರುವ ತಲೆಯೆತ್ತಿದರೆ ಸಿಗುತ್ತಾನೆ. ಶಿರಾದಲ್ಲಿ ಅವನ ಎತ್ತರ ಹದಿನಾಲ್ಕು ಡಿಗ್ರಿಗಿಂತ ಕಡಿಮೆ, ಮತ್ತು ಆ ಜಾಗದಲ್ಲಿ ಮಾವನ ಹುಣಸೆ ಮರ.

“ಮಾವ, ಒಂದು ಕೊಂಬೆ...” ಅಂದೆ.

“ನಮ್ಮಪ್ಪ ನೆಟ್ಟಿದ್ದು ಕಣಪ್ಪ. ನಿನ್ ನಕ್ಷತ್ರನೇ ಒಸಿ ಅತ್ತಾಗೆ ಸರೀತೈತೇನೋ ನೋಡು.”

ನಕ್ಷತ್ರ ಸರಿಯಲಿಲ್ಲ, ನಾವೇ ಸರಿದೆವು. ಮುಕ್ಕಾಲಿ, ಪೀಠ, ಟ್ರ್ಯಾಕ್ಟರಿನಿಂದ ಬಿಚ್ಚಿದ ಬ್ಯಾಟರಿ ಹೊತ್ತು ಮರ ದಾಟಿ ಕಡಲೆಕಾಯಿ ಹೊಲದ ಬದುವಿಗೆ ಬಂದೆವು. ಆಗ ಒಂದು ಉಪಕಾರ ತಾನಾಗಿ ಆಯಿತು: ಮರ ಈಗ ನಮಗೂ ಊರಿಗೂ ನಡುವೆ ನಿಂತು ನಾಟಕದ ಲೈಟನ್ನೆಲ್ಲ ನುಂಗಿಕೊಂಡಿತು. ಕೊಂಬೆ ಕಡಿಸಬೇಕೆಂದಿದ್ದ ನಾಲಿಗೆಯನ್ನು ಮೆಲ್ಲಗೆ ಒಳಗೆಳೆದುಕೊಂಡೆ. ಮಾವ ಕತ್ತಲಲ್ಲಿ ನಕ್ಕಿದ್ದು ಕೇಳಿಸಿತು.

ಧ್ರುವನ ಬಗ್ಗೆ ಇನ್ನೊಂದು ಗುಟ್ಟು. ಅವನು ಅಚಲನಲ್ಲ. ನಿಜವಾದ ಧ್ರುವಬಿಂದುವಿನಿಂದ ಅರ್ಧ ಡಿಗ್ರಿಗೂ ಸ್ವಲ್ಪ ಹೆಚ್ಚು ದೂರದಲ್ಲಿದ್ದು, ದಿನಕ್ಕೊಮ್ಮೆ ಅದನ್ನು ಸುತ್ತುತ್ತಾನೆ. ತಂದೆಯ ತೊಡೆಗಾಗಿ ಅಷ್ಟೊಂದು ತಪಸ್ಸು ಮಾಡಿದ ಹುಡುಗ ಕೊಟ್ಟ ಜಾಗದಲ್ಲಿ ಸರಿಯಾಗಿ ಕೂತಿಲ್ಲ. ಅವನ ಆ ಚಿಕ್ಕ ಓಡಾಟವನ್ನು ಸರಿಪಡಿಸಿಕೊಳ್ಳಲು ನಾನು ಕಡಲೆಗಿಡದ ಮೇಲೆ ಮೊಣಕಾಲೂರಿ, ಕತ್ತು ತಿರುಚಿ, ಮುಕ್ಕಾಲು ಗಂಟೆ ಕಳೆದೆ.

ಹನ್ನೆರಡೂಕಾಲಿಗೆ ಮೊದಲ ಫೋಟೋ. ಎರಡೆರಡು ನಿಮಿಷದ ಅರವತ್ತು ಫೋಟೋ ತೆಗೆಯುವುದೆಂದು ನಿಶ್ಚಯ. ಮೊದಲನೆಯದು ಕ್ಯಾಮೆರಾದ ಪರದೆಯ ಮೇಲೆ ಬಂತು. ತುಂಬ ನಕ್ಷತ್ರಗಳು, ನಡುವೆ, ಊಟದ ತಟ್ಟೆಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ, ಒಂದು ಮಸುಕು. ಅದರ ಪಕ್ಕಕ್ಕೆ ಇನ್ನೂ ಚಿಕ್ಕ ಮಸುಕು. ಸುಮಾರು 3 ಕೋಟಿ ವರ್ಷ ಹಾದಿ ಸವೆಸಿ ಬಂದ ಬೆಳಕು. ಹಾದಿಯಲ್ಲಿ ಅದಕ್ಕೆ ಏನೂ ಆಗಿರಲಿಲ್ಲ. ಕೊನೆಯ ಗಳಿಗೆಯಲ್ಲಿ, ನನ್ನ ಏಳನೆಯ ಫೋಟೋದ ನಡುವೆ, ಹೊಲದಾಚೆಯಿಂದ ಒಂದು ಮೊಬೈಲ್ ಟಾರ್ಚು ನೇರ ಟೆಲಿಸ್ಕೋಪಿನ ಬಾಯಿಗೆ ಬಿತ್ತು.

“ಆರಿಸಿ ಸ್ವಾಮಿ, ಆರಿಸಿ!” ಎಂದು ಕೂಗಿದೆ.

ಟಾರ್ಚು ಆರಿತು. ಆಕೃತಿ ಹತ್ತಿರ ಬಂತು. ತಲೆಯ ಮೇಲೆ ಕಿರೀಟ, ಭುಜಕೀರ್ತಿ, ಕಿವಿಯವರೆಗೆ ತಿರುವಿದ ಮೀಸೆ, ಹೆಗಲ ಮೇಲೆ ಗದೆ, ಕಾಲಲ್ಲಿ ಹವಾಯಿ ಚಪ್ಪಲಿ, ಬೆರಳ ಸಂದಿಯಲ್ಲಿ ಬೀಡಿ. ದುರ್ಯೋಧನ. ಪಕ್ಕದ ಎರಡು ಎಕರೆಯ ಒಡೆಯ ಎಂದು ಆಮೇಲೆ ಮಾವ ಹೇಳಿದರು.

“ಸರ್ವೆಯವ್ರಾ ಸಾರ್? ರಾತ್ರಿ ಹೊತ್ತು ಯಾಕ್ ಮಾಡ್ತೀರಾ? ಹಗಲೊತ್ತು ಮಾಡಿದ್ರೆ ನಾವು ಗಲಾಟೆ ಮಾಡ್ತೀವಿ ಅಂತಾನಾ?”

ಪಾಂಡವರಿಗೆ ಸೂಜಿಮೊನೆಯಷ್ಟೂ ನೆಲ ಕೊಡುವುದಿಲ್ಲವೆಂದು ಅರ್ಧ ಗಂಟೆ ಹಿಂದೆಯಷ್ಟೇ ಮೈಕಿನಲ್ಲಿ ಹಾಡಿ, ವನ್ಸ್‌ಮೋರ್ ಗಿಟ್ಟಿಸಿಕೊಂಡು ಬಂದಿದ್ದ ಮನುಷ್ಯ. ನಾನು ಕೈಮುಗಿದು ಎಲ್ಲ ವಿವರಿಸಿದೆ. ಪರದೆ ತೋರಿಸಿದೆ. ಅವನು ಕಿರೀಟ ಹಿಂದಕ್ಕೆ ಸರಿಸಿ ಬಗ್ಗಿ ನೋಡಿದ.

“ಇದಾ? ನೊಣ ಕೂತು ಎದ್ದೋದಂಗೈತೆ.”

“ಮೂರು ಕೋಟಿ ಜ್ಯೋತಿರ್ವರ್ಷ ದೂರ ಇದೆ.”

“ಅಷ್ಟು ದೂರದ ಜಮೀನು ಅಳೆದು ನಿಮಗೇನು ಬತ್ತೈತೆ ಸಾರ್?” ಎಂದ. ಅಷ್ಟರಲ್ಲಿ ಮೈಕಿನಲ್ಲಿ ಶಕುನಿ ಅವನನ್ನು ಎರಡು ಸಲ ಕರೆದು, ಬಾರದ್ದಕ್ಕೆ ತಾನೇ ಒಂದು ಪದ್ಯ ಎತ್ತಿಕೊಂಡ. ದುರ್ಯೋಧನ ಬೀಡಿ ಹೊಸಕಿ, ಗದೆ ಎತ್ತಿಕೊಂಡು, ನಂಬದ ಮುಖದಲ್ಲೇ ಓಡಿದ.

ಒಂದು ಗಂಟೆಗೆ ತ್ರೀ ಫೇಸ್ ಕರೆಂಟು ಬಂತು. ಕರೆಂಟಿನ ಜೊತೆಗೆ ಪಂಪ್‌ಹೌಸಿನ ಬಲ್ಬೂ ಬಂತು, ಇನ್ನೊಂದು ಫೋಟೋ ಹೋಯಿತು. ಮಾವ ಮಾತಿಲ್ಲದೆ ಬಲ್ಬಿನ ಮೇಲೆ ಗೋಣಿಚೀಲ ಇಳಿಬಿಟ್ಟು, ಸ್ಟಾರ್ಟರ್ ಒತ್ತಿ, ತೊಟ್ಟಿಯ ಕಟ್ಟೆಯ ಮೇಲೆ ನನ್ನ ಪಕ್ಕ ಬಂದು ಕೂತರು. ವಾರದಲ್ಲಿ ಐದು ರಾತ್ರಿ ಅವರು ಈ ಹೊತ್ತಿಗೆ ಏಳುವವರೇ. ಜಾಗರಣೆಯೇನು ಅವರಿಗೆ ಹೊಸದಲ್ಲ. ಕೊಳವೆಯ ಬಾಯಿಂದ ಬೆರಳಷ್ಟು ಧಾರೆ, ತೊಟ್ಟಿಗೆ ಬೀಳುತ್ತಿತ್ತು.

“ಒಂದೇ ಫೋಟೋ ತೆಗೆದ್ರೆ ಆಗಲ್ವಾ? ಅರವತ್ತು ಯಾಕೆ?” ಎಂದರು.

ಇದನ್ನು ನಾನು ಆಫೀಸಿನಲ್ಲಿ ಇಬ್ಬರು ಎಂಜಿನಿಯರುಗಳಿಗೆ ವಿವರಿಸಲು ಹೋಗಿ ಸೋತಿದ್ದೆ. ಬೆಳಕು ತೀರ ಕಡಿಮೆ ಮಾವ, ಒಂದು ಫೋಟೋದಲ್ಲಿ ಕ್ಯಾಮೆರಾದ ಸ್ವಂತ ಗದ್ದಲವೇ ಜಾಸ್ತಿ, ಅರವತ್ತನ್ನೂ ಒಂದರ ಮೇಲೊಂದು ಪೇರಿಸಿದರೆ ಗದ್ದಲ ಅಡಗಿ ಗೆಲಾಕ್ಸಿ ಉಳಿಯುತ್ತದೆ ಎಂದೆಲ್ಲ ಶುರುಮಾಡಿದೆ. ಮಾವ ಕೈಯೆತ್ತಿ ತಡೆದರು.

“ಗೊತ್ತಾಯ್ತು ಬಿಡು. ನಂದು ಒಂದಿಂಚು ನೀರು. ಬಂದಿದ್ದು ಬಂದಂಗೆ ಹೊಲಕ್ಕೆ ಬಿಟ್ರೆ ಮೊದಲ್ನೇ ಪಾತೀಲೇ ಇಂಗೋಗ್ತೈತೆ. ಅದಕ್ಕೇ ರಾತ್ರಿಯೆಲ್ಲ ತೊಟ್ಟಿ ತುಂಬಿಸಿ, ಬೆಳಗ್ಗೆ ಒಟ್ಟಿಗೆ ಬಿಡೋದು. ಕೊನೇ ಪಾತೀಗೂ ಮುಟ್ತೈತೆ. ನಿಂದೂ ಒಂದಿಂಚು ಬೆಳಕು, ಅಷ್ಟೇ ತಾನೆ?”

ಅಷ್ಟೇ. ನಾನು ಓದಿದ ಯಾವ ಪುಸ್ತಕವೂ ಇಷ್ಟು ಚೊಕ್ಕವಾಗಿ ಹೇಳಿರಲಿಲ್ಲ. ಹುಮ್ಮಸ್ಸಿನಲ್ಲಿ ಮುಂದಿನದನ್ನೂ ಹೇಳಿದೆ: ಫೋಟೋ ಎರಡು ಪಟ್ಟು ಚೆನ್ನಾಗಬೇಕಾದರೆ ಎರಡು ಪಟ್ಟು ತೆಗೆದರೆ ಸಾಲದು, ನಾಲ್ಕು ಪಟ್ಟು ತೆಗೆಯಬೇಕು, ಮೂರು ಪಟ್ಟಾಗಬೇಕಾದರೆ ಒಂಬತ್ತು ಪಟ್ಟು.

“ನಾಕು ಪಟ್ಟು ದುಡಿದ್ರೆ ಎರಡು ಪಟ್ಟು ಫಲ. ಇದು ಬೇಸಾಯನೇ ಕಣಪ್ಪ. ಇದಕ್ಕೆ ಬೆಂಗ್ಳೂರಲ್ಲಿ ಹವ್ಯಾಸ ಅಂತಾರಾ?”

ತೊಟ್ಟಿ ಕಾಲುಭಾಗ ತುಂಬುವಷ್ಟರಲ್ಲಿ ಲಾರ್ಡ್ ರಾಸ್‌ನ ಕತೆ ಹೇಳಿದೆ. ಐರ್ಲೆಂಡಿನ ಜಮೀನ್ದಾರ. ತನ್ನ ಬಿರ್ ಕೋಟೆಯ ಬಯಲಿನಲ್ಲಿ 72 ಇಂಚು ಅಗಲದ ಕನ್ನಡಿಯ ಟೆಲಿಸ್ಕೋಪ್ ಕಟ್ಟಿಸಿ, 1845ರಲ್ಲಿ ಇದೇ ಎಂ51ರ ಕಡೆ ತಿರುಗಿಸಿದಾಗ, ಬರೀ ಮಸುಕೆಂದುಕೊಂಡದ್ದರಲ್ಲಿ ನೀರಿನ ಸುಳಿಯಂಥ ಸುರುಳಿ ಕಂಡಿತು. ಆಕಾಶದಲ್ಲಿ ಅಂಥ ಸುರುಳಿಯನ್ನು ಅದಕ್ಕೆ ಮೊದಲು ಯಾರೂ ಕಂಡಿರಲಿಲ್ಲ. ಇಂಥ ಮಸುಕು ಫೋಟೋಗೆ ಸಿಗದ ಕಾಲ, ಕೈಯಲ್ಲೇ ಚಿತ್ರ ಬರೆದ. ಅದೇ ವರ್ಷ ಐರ್ಲೆಂಡಿನ ಆಲೂಗೆಡ್ಡೆಗೆ ರೋಗ ಬಿದ್ದು ಘೋರ ಬರಗಾಲ ಶುರುವಾಯಿತು.

ಸುರುಳಿಯವರೆಗೆ ಹೂಂಗುಟ್ಟುತ್ತಿದ್ದ ಮಾವ ಇಲ್ಲಿ ನೆಟ್ಟಗೆ ಕೂತರು. “ಎಲೆ ಮೊದ್ಲು ಕಪ್ಪಾಗಿ ಆಮೇಲೆ ಗೆಡ್ಡೆ ಕೊಳೀತಾ?”

“ಹೌದು.”

“ಅಂಗಮಾರಿ. ಹಾಸನದ ಕಡೇನೂ ಬತ್ತೈತೆ. ಮೋಡ ಮುಚ್ಕೊಂಡು ಚಳಿ ಹಿಡಿದ್ರೆ ಮೂರೇ ದಿನ.” ಬಹಳ ಹೊತ್ತು ಸುಮ್ಮನಿದ್ದು ಕೇಳಿದರು: “ಆ ಜಮೀನ್ದಾರ ಆಮೇಲೆ ಏನ್ ಮಾಡ್ದ?”

ಟೆಲಿಸ್ಕೋಪ್ ಬದಿಗಿಟ್ಟು ಒಕ್ಕಲುಗಳ ಕಡೆ ನೋಡಿದ ಎಂದೆ. ಮಾವ ತಲೆಯಾಡಿಸಿದರು. ಆ ರಾತ್ರಿ ಎಂ51ಕ್ಕೆ ಸಿಕ್ಕ ಏಕೈಕ ಮರ್ಯಾದೆ ಅದು.

ಮೂರರ ಮೇಲೆ ಅರವತ್ತೂ ಮುಗಿದವು. ಆಮೇಲೆ ಟೆಲಿಸ್ಕೋಪಿಗೆ ಮುಚ್ಚಳ ಹಾಕಿ ಇಪ್ಪತ್ತು ಫೋಟೋ. ಕ್ಯಾಮೆರಾ ಕತ್ತಲಲ್ಲಿ ತಾನೇ ಹುಟ್ಟಿಸಿಕೊಳ್ಳುವ ಚುಕ್ಕೆಗಳನ್ನು ಕಳೆಯಲು ಇದು ಬೇಕು. ಮುಚ್ಚಳ ಮುಚ್ಚಿ ಫೋಟೋ ತೆಗೆಯುವವನನ್ನು ಅತ್ತೆ ಕಾಫಿ ಲೋಟ ಹಿಡಿದು ನಿಂತು ನೋಡಿದರು. ಏನೂ ಕೇಳಲಿಲ್ಲ. ಒಳಗೆ ಹೋಗಿ ಮಾವನ ಹತ್ತಿರ ಏನೋ ಕೇಳಿದರು.

ಬೆಳಗಾದ ಮೇಲೆ ಇನ್ನೊಂದು ಶಾಸ್ತ್ರ. ಗಾಜಿನ ಮೇಲಿನ ಧೂಳಿನ ನೆರಳು, ಅಂಚಿನ ಮಬ್ಬು ಇವನ್ನು ಲೆಕ್ಕ ಹಿಡಿಯಲು, ಟೆಲಿಸ್ಕೋಪಿನ ಬಾಯಿಗೆ ಬಿಳಿ ಬಟ್ಟೆ ಬಿಗಿದು ತಿಳಿಯಾದ ಆಕಾಶದ ಕಡೆ ಫೋಟೋ ತೆಗೆಯಬೇಕು. ಮಾವನ ಒಗೆದ ಪಂಚೆ ಸಿಕ್ಕಿತು, ಎರಡು ಸುತ್ತು ಸುತ್ತಿದೆ. ನಾಟಕ ಮುಗಿಸಿ ಮನೆಗೆ ಹೊರಟ ಜನಕ್ಕೆ, ಶಿವರಾತ್ರಿಯ ಮುಂಜಾವಿನಲ್ಲಿ, ಬಿಳಿ ಪಂಚೆ ಉಟ್ಟು ಪೂರ್ವಕ್ಕೆ ಮುಖ ಮಾಡಿ ನಿಂತ ಗುಂಡಗಿನ ಒಂದು ವಸ್ತು ಕಂಡಿತು. ಇಬ್ಬರು ಮುದುಕಿಯರು ನಿಂತು ಕೈಮುಗಿದೇ ಹೋದರು. ನಾನು ತಿದ್ದಲಿಲ್ಲ. ಸರ್ವೆಯವನೆಂಬ ಹೆಸರಿಗಿಂತ ಇದು ವಾಸಿ.

ಬೆಂಗಳೂರಿಗೆ ಬಂದು ಕಂಪ್ಯೂಟರಿಗೆ ಹಾಕಿ ನೋಡಿದರೆ ಅರವತ್ತರಲ್ಲಿ ಹದಿನಾಲ್ಕು ಕೆಟ್ಟಿದ್ದವು. ಮೂರು ದುರ್ಯೋಧನನ ಟಾರ್ಚಿಗೆ, ಒಂದು ಬಲ್ಬಿಗೆ, ಎರಡು ಗಾಳಿಗೆ, ಉಳಿದ ಎಂಟರ ಹೊತ್ತಿನಲ್ಲಿ ಟ್ರ್ಯಾಕ್ಟರ್ ಬ್ಯಾಟರಿಯ ಕ್ಲಿಪ್ಪು ಸಡಿಲವಾಗಿತ್ತು. ನಲವತ್ತಾರು ಉಳಿದವು, ಒಂದೂವರೆ ಗಂಟೆಯ ಬೆಳಕು. ಪೇರಿಸಿ, ಕತ್ತಲನ್ನು ಕತ್ತಲಲ್ಲೇ ಬಿಟ್ಟು ಮಸುಕನ್ನಷ್ಟೇ ಮೆಲ್ಲಗೆ ಮೇಲೆತ್ತುತ್ತ ಹೋದೆ. ಮೊದಲು ನಡುವಿನ ಹಳದಿ ಗುಂಡಿ ತಿಳಿಯಾಯಿತು. ಆಮೇಲೆ ಅದರ ಎರಡು ಕಡೆಯಿಂದ ಚಕ್ಕುಲಿ ಒತ್ತಿದ ಹಾಗೆ ಎರಡು ಎಳೆ ಹೊರಟು ಸುತ್ತಿಕೊಂಡವು. ಒಂದು ಎಳೆ ಸುತ್ತಿ ಸುತ್ತಿ ಕೊನೆಗೆ ಕೈಚಾಚಿ ಆ ಚಿಕ್ಕ ಮಸುಕನ್ನು ಮುಟ್ಟಿತು. ಹೆಂಡತಿಯನ್ನು ಕರೆದೆ. ಬಂದು ನೋಡಿದಳು. “ಹಬಲ್ಲಿನದು ಇದಕ್ಕಿಂತ ಚೆನ್ನಾಗಿದೆ” ಅಂದಳು, ಆದರೆ ಹೋಗದೆ ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದಳು. ರಾತ್ರಿ ಊಟಕ್ಕೆ ಎರಡು ಹಪ್ಪಳ ಇದ್ದವು.

ಮಾವನಿಗೆ ಒಂದು ಪ್ರಿಂಟು ಕಳಿಸಿದೆ. ಪಂಪ್‌ಹೌಸಿನ ಒಳಗೆ, ಸ್ಟಾರ್ಟರ್ ಪೆಟ್ಟಿಗೆಯ ಪಕ್ಕ ಅಂಟಿಸಿದ್ದಾರಂತೆ.

ಹದಿನೈದು ದಿನದ ಮೇಲೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ದನಿ ಕೇಳಿದ ಹಾಗಿತ್ತು. ಹಾರ್ಮೋನಿಯಂ ಇಲ್ಲದ್ದರಿಂದ ಗುರುತು ಹತ್ತುವುದು ಒಂದು ಕ್ಷಣ ತಡವಾಯಿತು.

“ಸಾರ್, ನಿಮ್ಮ ಮಾವರ ಪಂಪ್‌ಹೌಸಲ್ಲಿ ನಕ್ಷೆ ನೋಡ್ದೆ. ರಿಂಗ್ ರೋಡು ಗೊತ್ತಾಯ್ತು. ಅದರಿಂದ ಒಂದು ಲಿಂಕ್ ರೋಡು ಹೊರಟು ಪಕ್ಕದ ಸಣ್ಣ ಊರಿಗೆ ಸೇರ್ತೈತಲ್ಲ, ಅದು ನಮ್ಮ ಎರಡೆಕರೆ ಮೇಲೆ ಹೋಗಲ್ಲ ತಾನೆ?”